ಒಂದೇ ಬಾಗಿಲಿಗೆ ಕಟ್ಟಿಕೊಳ್ಳುವ ಮುನ್ನ
ಎರಡನೆಯ ಸಲ ವೈದ್ಯಕೀಯ ಸೀಟು ಅರಸುವವರಿಗೆ ಕೆಲವು ಮಾತುಗಳು

ವೈದ್ಯನಾಗಬೇಕೆಂಬ ಆಸೆ ಒಳ್ಳೆಯ ಆಸೆಯೇ. ರೋಗಿಯ ನೋವನ್ನು ತಗ್ಗಿಸುವ ಕೈ ಅಲ್ಲಾಹನ ದಾಸರ ಸೇವೆಯಲ್ಲಿರುವ ಕೈ. ಆದರೆ ಆಸೆ ಒಳ್ಳೆಯದಾದ ಮಾತ್ರಕ್ಕೆ ಅದನ್ನು ಈಡೇರಿಸಿಕೊಳ್ಳಲು ತುಳಿಯುವ ಪ್ರತಿಯೊಂದು ದಾರಿಯೂ ಒಳ್ಳೆಯದಾಗುವುದಿಲ್ಲ. ದಾರಿಯನ್ನು ಆರಿಸಿಕೊಳ್ಳುವುದೂ ಸತ್ಯವಿಶ್ವಾಸಿಯ ನಡತೆಯ ಒಂದು ಭಾಗವೇ ಆಗಿದೆ.

ಊರಿಗಾಂನಲ್ಲಿಯೋ ರಾಬರ್ಟ್‌ಸನ್‌ಪೇಟೆಯಲ್ಲಿಯೋ ಇರುವ ಒಂದು ಮನೆಯನ್ನು ಊಹಿಸಿಕೊಳ್ಳಿರಿ. ತಂದೆ ಬೆಳಗಿನ ರೈಲಿನಲ್ಲಿ ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುತ್ತಾರೆ. ಮಗಳು ಕಳೆದ ವರ್ಷ ನೀಟ್ ಬರೆದಳು, ಸೀಟು ಸಿಗಲಿಲ್ಲ. ಒಂದು ವರ್ಷ ಮನೆಯಲ್ಲಿ ಕುಳಿತು ಓದಿ ಮತ್ತೆ ಬರೆದಳು. ಈಗ ಮೊದಲ ಸುತ್ತಿನಲ್ಲಿ ಒಂದು ಸೀಟು ಬಂದಿದೆ. ಆದರೆ ಅದು ಅವಳು ಬಯಸಿದ ಕಾಲೇಜಲ್ಲ, ಶುಲ್ಕವೂ ಹೆಚ್ಚು. ಒಪ್ಪಿ ಬಾಗಿಲು ಮುಚ್ಚಿಕೊಳ್ಳಬೇಕೇ? ಮುಂದಿನ ಸುತ್ತಿಗೆ ಕಾಯಬೇಕೇ? ಅಥವಾ ಇನ್ನೊಂದು ವರ್ಷ ಓದಬೇಕೇ? ತೀರ್ಮಾನಕ್ಕೆ ಇರುವುದು ಕೆಲವೇ ದಿನಗಳು. ಇಂತಹ ಮನೆ ನಿಮ್ಮದೇ ಆಗಿದ್ದರೆ ಮುಂದಿನ ಮಾತುಗಳನ್ನು ಸಾವಧಾನದಿಂದ ಓದಿರಿ.

ಆಯ್ಕೆಯ ಅರ್ಥ ತಿಳಿಯಿರಿ

ಮೊದಲ ಸುತ್ತಿನಲ್ಲಿ ಸೀಟು ದೊರೆತವರ ಮುಂದೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ನಾಲ್ಕು ಆಯ್ಕೆಗಳನ್ನು ಇಡುತ್ತ ಬಂದಿದೆ. ಮೊದಲನೆಯದು, ಸೀಟು ಒಪ್ಪಿಗೆಯಾಗಿದೆ, ಶುಲ್ಕ ಕಟ್ಟಿ ಸೇರುತ್ತೇನೆ, ಮುಂದಿನ ಸುತ್ತು ಬೇಡ ಎಂಬುದು. ಎರಡನೆಯದು, ಸೀಟನ್ನು ಶುಲ್ಕ ಕಟ್ಟಿ ಇಟ್ಟುಕೊಂಡು ಇದಕ್ಕಿಂತ ಮೇಲಿನದಕ್ಕೆ ಕಾಯುವುದು. ಮೂರನೆಯದು, ಸೀಟನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. ನಾಲ್ಕನೆಯದು, ಪೂರ್ತಿಯಾಗಿ ಹೊರಬರುವುದು.

ಎರಡನೆಯ ಆಯ್ಕೆಯಲ್ಲಿ ಹಲವರು ಗಮನಿಸದ ಒಂದು ವಿಷಯವಿದೆ. ನಿಮ್ಮ ಪಟ್ಟಿಯಲ್ಲಿ ಮೇಲೆ ಬರೆದ ಕಾಲೇಜು ಮುಂದಿನ ಸುತ್ತಿನಲ್ಲಿ ದೊರೆತರೆ ಕೈಯಲ್ಲಿರುವ ಸೀಟು ತಾನಾಗಿಯೇ ರದ್ದಾಗುತ್ತದೆ. ಆಗ ಹಳೆಯದೇ ಇರಲಿ ಎನ್ನಲಾಗದು. ಆದುದರಿಂದ ಆಪ್ಷನ್ ಎಂಟ್ರಿಯ ದಿನವೇ ಎಚ್ಚರವಿರಲಿ. ಸೇರಲಾಗದ ಕಾಲೇಜನ್ನು, ಕಟ್ಟಲಾಗದ ಶುಲ್ಕವನ್ನು ಪಟ್ಟಿಯಲ್ಲಿ ಬರೆಯಲೇಬೇಡಿರಿ.

ಕೋಲಾರ ಜಿಲ್ಲೆಯವರು ಇನ್ನೊಂದು ವಿಷಯವನ್ನೂ ತಿಳಿದಿರಬೇಕು. ನಮಗೆ ಹತ್ತಿರದ ಕಾಲೇಜುಗಳೆಲ್ಲ ಒಂದೇ ಬಾಗಿಲಿನಿಂದ ತೆರೆಯುವುದಿಲ್ಲ. 1986ರಲ್ಲಿ ಆರಂಭವಾದ ಟಮಕದ ಶ್ರೀ ದೇವರಾಜ ಅರಸು ವೈದ್ಯಕೀಯ ಕಾಲೇಜು ಡೀಮ್ಡ್ ವಿಶ್ವವಿದ್ಯಾಲಯಕ್ಕೆ ಸೇರಿದೆ. ಅದರ ಸೀಟುಗಳನ್ನು ಹಂಚುವುದು ಕೇಂದ್ರದ ಸಮಿತಿ. ಗಡಿಯಾಚೆ ಕುಪ್ಪಂನಲ್ಲಿರುವ ಕಾಲೇಜು ಆಂಧ್ರದ ವ್ಯವಸ್ಥೆಗೆ ಒಳಪಟ್ಟಿದೆ. ಕೇಂದ್ರದ ಕೌನ್ಸೆಲಿಂಗ್‌ನಲ್ಲಿ ಸುತ್ತುಗಳು ಮುಂದುವರಿದಂತೆ ಹಿಂದೆ ಸರಿಯುವ ದಾರಿ ಕಿರಿದಾಗುತ್ತದೆ. ಮೊದಲ ಸುತ್ತಿನಲ್ಲಿ ನಷ್ಟವಿಲ್ಲದೆ ಹೊರಬರಬಹುದು, ಅನಂತರ ಠೇವಣಿ ಹೋಗುತ್ತದೆ. ಕೊನೆಯ ಸುತ್ತಿನಲ್ಲಿ ಸೀಟು ಪಡೆದು ಸೇರದವರಿಗೆ ಇನ್ನೂ ಕಠಿಣವಾದ ನಿರ್ಬಂಧವಿದೆ. ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಆ ವರ್ಷದ ಮಾಹಿತಿ ಪುಸ್ತಿಕೆಯನ್ನು ನೀವೇ ಓದಿರಿ. ನೆರೆಯವರ ಮಗ ಮೂರು ವರ್ಷದ ಹಿಂದೆ ಮಾಡಿದ್ದು ನಿಮಗೆ ಪ್ರಮಾಣವಲ್ಲ.

ಅಮೆರಿಕದ ಕೆಲವು ವೈದ್ಯಕೀಯ ಕಾಲೇಜುಗಳಲ್ಲಿ ಇದೇ ಪ್ರಶ್ನೆ ಇನ್ನೂ ಬಿಗಿಯಾದ ರೂಪದಲ್ಲಿದೆ. ಅದನ್ನು ಅರ್ಲಿ ಡಿಸಿಷನ್ ಎನ್ನುತ್ತಾರೆ. ಅರ್ಜಿದಾರನು ಆಗಸ್ಟ್ 1ರೊಳಗೆ ಒಂದೇ ಒಂದು ಕಾಲೇಜಿಗೆ ಅರ್ಜಿ ಹಾಕಿ, ಸೀಟು ಕೊಟ್ಟರೆ ಅಲ್ಲಿಯೇ ಸೇರುವೆನೆಂದು ಮಾತು ಕೊಡಬೇಕು. ಕಾಲೇಜು ಅಕ್ಟೋಬರ್ 1ರೊಳಗೆ ಉತ್ತರ ತಿಳಿಸುತ್ತದೆ. ಅಲ್ಲಿಯವರೆಗೆ ಬೇರೆ ಕಾಲೇಜುಗಳ ಬಾಗಿಲು ತಟ್ಟುವಂತಿಲ್ಲ. ಸೀಟು ಸಿಗದಿದ್ದರೆ ಅವನು ಉಳಿದ ಕಡೆಗಳಲ್ಲಿ ತಡವಾಗಿ, ಸಾಲಿನ ಹಿಂದೆ ನಿಲ್ಲಬೇಕಾಗುತ್ತದೆ. ಹಿಂದಿನ ವರ್ಷ ತಿರಸ್ಕೃತನಾದವನು ತನ್ನ ಕೊರತೆಯನ್ನು ಸರಿಪಡಿಸಿಕೊಳ್ಳದೆ ಈ ದಾರಿ ಹಿಡಿದರೆ ಇನ್ನೊಂದು ವರ್ಷವನ್ನೂ ಕಳೆದುಕೊಳ್ಳುವ ಅಪಾಯವಿದೆ. ದೇಶ ಬೇರೆ, ನಿಯಮ ಬೇರೆ, ಆದರೆ ಪಾಠ ಒಂದೇ: ಬೇಗನೆ ಕಟ್ಟಿಕೊಳ್ಳುವುದು ಕೊರತೆಗೆ ಮದ್ದಲ್ಲ.

ಬದಲಾದುದೇನು?

ಇನ್ನೊಂದು ವರ್ಷ ಕಾಯುತ್ತೇನೆ ಎನ್ನುವವರು ತಮ್ಮನ್ನು ತಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ನೀಟ್‌ಗೆ ಇಷ್ಟೇ ಸಲ ಎಂಬ ಮಿತಿಯಿಲ್ಲ. ವಯಸ್ಸಿನ ಮೇಲ್ಮಿತಿಯನ್ನೂ 2022ರಲ್ಲಿ ತೆಗೆದುಹಾಕಲಾಯಿತು. ಬಾಗಿಲು ತೆರೆದಿದೆ ಎಂದ ಮಾತ್ರಕ್ಕೆ ಅದರ ಮುಂದೆಯೇ ಆಯುಷ್ಯ ಕಳೆಯಬೇಕೆಂದಿಲ್ಲ.

ಚಿನ್ನದ ಗಣಿಯಲ್ಲಿ ದುಡಿದ ಹಿರಿಯರು ಇದನ್ನು ಚೆನ್ನಾಗಿ ಬಲ್ಲರು. ಬಂಡೆಯ ಚೂರು ತೆಗೆದು ಪರೀಕ್ಷಿಸಿ, ಅದಿರಿನಲ್ಲಿ ಚಿನ್ನ ಎಷ್ಟಿದೆಯೆಂದು ಅಳೆದ ಬಳಿಕವೇ ಮುಂದೆ ಅಗೆಯುವುದು ಅಲ್ಲಿನ ಕ್ರಮ. ಶ್ರಮ ಎಷ್ಟೇ ಇದ್ದರೂ ಬರಿಯ ಬಂಡೆ ಚಿನ್ನ ಕೊಡದು.

ನಿಮ್ಮ ಉತ್ತರ ಪತ್ರಿಕೆಯನ್ನೂ ಹಾಗೆಯೇ ಪರೀಕ್ಷಿಸಿರಿ. 180 ಪ್ರಶ್ನೆ, 720 ಅಂಕ. ಅದರಲ್ಲಿ ಜೀವಶಾಸ್ತ್ರಕ್ಕೆ 360, ಭೌತಶಾಸ್ತ್ರಕ್ಕೆ ಮತ್ತು ರಸಾಯನಶಾಸ್ತ್ರಕ್ಕೆ ತಲಾ 180. ಸರಿ ಉತ್ತರಕ್ಕೆ ನಾಲ್ಕು ಅಂಕ ಸೇರುತ್ತದೆ, ತಪ್ಪು ಉತ್ತರಕ್ಕೆ ಒಂದು ಅಂಕ ಕಳೆಯುತ್ತದೆ. ತಪ್ಪಾದ ಪ್ರಶ್ನೆಗಳನ್ನು ಮೂರು ಗುಂಪು ಮಾಡಿರಿ: ಪಾಠವೇ ಗೊತ್ತಿಲ್ಲದವು, ಗೊತ್ತಿದ್ದೂ ಅವಸರದಲ್ಲಿ ಕೆಡಿಸಿದವು, ಊಹಿಸಿ ಗುರುತು ಹಾಕಿದವು. ಅವಸರ ಮತ್ತು ಊಹೆ ಹೆಚ್ಚಿದ್ದರೆ ಅಭ್ಯಾಸದಿಂದ ತಿದ್ದಿಕೊಳ್ಳಬಹುದು. ಭೌತಶಾಸ್ತ್ರದ ಬುನಾದಿಯೇ ಇಲ್ಲದಿದ್ದರೆ, ಅದನ್ನು ಕಲಿಸುವ ಗುರು ಈ ಸಲ ಯಾರು ಎಂಬುದಕ್ಕೆ ಉತ್ತರ ಬೇಕು. ಅದೇ ಪುಸ್ತಕ, ಅದೇ ಕೋಣೆ, ಅದೇ ಕ್ರಮ ಇಟ್ಟುಕೊಂಡು ಬೇರೆ ಫಲವನ್ನು ನಿರೀಕ್ಷಿಸುವುದು ಭರವಸೆಯಲ್ಲ, ಭ್ರಮೆ.

ವರ್ಷದಿಂದ ವರ್ಷಕ್ಕೆ ಅಂಕಗಳನ್ನು ಹೋಲಿಸಿಯೂ ಮೋಸ ಹೋಗದಿರಿ. 2024ರಲ್ಲಿ ಪೂರ್ಣ 720 ಅಂಕ ಪಡೆದವರು ಹಲವರಿದ್ದರು. 2025ರಲ್ಲಿ ದೇಶಕ್ಕೇ ಮೊದಲಿಗರಾದವರ ಅಂಕ 686. ಅಂಕ ಇಳಿದರೂ ಸ್ಥಾನ ಏರಿರಬಹುದು, ಅಂಕ ಏರಿದರೂ ಸ್ಥಾನ ಇಳಿದಿರಬಹುದು. ರ‍್ಯಾಂಕನ್ನು ನೋಡಿರಿ, ನಿಮ್ಮ ಪ್ರವರ್ಗಕ್ಕೆ ಹಿಂದಿನ ವರ್ಷ ಯಾವ ಸುತ್ತಿನಲ್ಲಿ ಯಾವ ರ‍್ಯಾಂಕಿನವರೆಗೆ ಸೀಟು ದೊರೆಯಿತೆಂದು ನೋಡಿರಿ. ಬಂಗಾರಪೇಟೆ ತಾಲೂಕಿನ ಹಳ್ಳಿಗಳಲ್ಲಿ ಹತ್ತನೆಯ ತರಗತಿಯವರೆಗೆ ಓದಿದವರಿಗೆ ಗ್ರಾಮೀಣ ಕೋಟಾ, ಕನ್ನಡ ಮಾಧ್ಯಮದವರಿಗೆ ಅದರದೇ ಕೋಟಾ ಇದೆ. ಎಷ್ಟೋ ಮಕ್ಕಳು ಪ್ರಮಾಣಪತ್ರವನ್ನು ಸಮಯಕ್ಕೆ ಮಾಡಿಸದೆ ಹಕ್ಕಿನ ಸೀಟನ್ನು ಕಳೆದುಕೊಳ್ಳುತ್ತಾರೆ.

ಕೊಟ್ಟ ಮಾತಿನ ತೂಕ

ಕರಾರನ್ನು ಪೂರೈಸಬೇಕೆಂಬುದು ಕುರ್‌ಆನಿನ ಸ್ಪಷ್ಟ ಆದೇಶವಾಗಿದೆ. ಅದು ವ್ಯಾಪಾರದ ಕರಾರಿಗೆ ಮಾತ್ರ ಸೀಮಿತವೆಂದು ತಿಳಿಯುವುದು ತಪ್ಪು. ಕಂಪ್ಯೂಟರಿನ ಪರದೆಯ ಮೇಲೆ ಒಂದು ಗುಂಡಿ ಒತ್ತಿ ‘ಒಪ್ಪಿದ್ದೇನೆ, ಸೇರುತ್ತೇನೆ’ ಎಂದರೆ ಅದೂ ಮಾತೇ. ಸೇರುವ ಮನಸ್ಸಿಲ್ಲದೆ, ಬರಿಯ ಧೈರ್ಯಕ್ಕಾಗಿ ಸೀಟು ಹಿಡಿದಿಟ್ಟು ಕೊನೆಗೆ ಬಿಟ್ಟುಬಿಡುವವರಿದ್ದಾರೆ. ಹಾಗೆ ಬಿಟ್ಟ ಸೀಟು ಕೆಲವೊಮ್ಮೆ ಯಾರಿಗೂ ಸಿಗದೆ ಖಾಲಿ ಉಳಿಯುತ್ತದೆ. ನಿಮ್ಮ ನಂತರದ ರ‍್ಯಾಂಕಿನಲ್ಲಿ ಕಾಯುತ್ತಿದ್ದ, ನೀವೆಂದೂ ನೋಡದ ಯಾವುದೋ ಬಡ ಮನೆಯ ಮಗುವಿನ ವರ್ಷ ಅದರೊಂದಿಗೆ ಹೋಗುತ್ತದೆ. ನಿಯಮ ಅನುಮತಿಸಿದ ಅವಧಿಯೊಳಗೆ ಕಾಯುವುದು, ಬಿಡುವುದು ತಪ್ಪಲ್ಲ. ಬಿಡುವುದಾದರೆ ಬೇಗ ಬಿಡಿರಿ. ಒಪ್ಪುವುದಾದರೆ ಹೃದಯದಿಂದ ಒಪ್ಪಿರಿ. ಸೇರಿದ ಕಾಲೇಜನ್ನು ಐದು ವರ್ಷ ಹಳಿಯುತ್ತ ಕುಳಿತವನು ಒಳ್ಳೆಯ ವೈದ್ಯನಾಗುವುದು ಕಷ್ಟ.

ಮನೆಯವರ ಹಕ್ಕು

ಸಮಾಲೋಚಿಸುವುದು, ನಿರ್ಧರಿಸುವುದು, ಬಳಿಕ ಅಲ್ಲಾಹನ ಮೇಲೆ ಭರವಸೆಯಿಡುವುದು: ಕುರ್‌ಆನ್ ಕಲಿಸಿದ ಕ್ರಮ ಇದು. ಮೊದಲ ಮೆಟ್ಟಿಲನ್ನು ಬಿಟ್ಟು ಕೊನೆಯದಕ್ಕೆ ಹಾರುವಂತಿಲ್ಲ. ತಂದೆಯ ಸಂಪಾದನೆ ಎಷ್ಟು, ಸಾಲ ಎಷ್ಟು, ತಂಗಿಯ ಓದಿಗೆ ಏನು ಉಳಿಯುತ್ತದೆ ಎಂಬ ಲೆಕ್ಕವನ್ನು ಮನೆಯವರೆಲ್ಲ ಕುಳಿತು ಕಾಗದದ ಮೇಲೆ ಬರೆಯಿರಿ. ಸರ್ಕಾರಿ ಸೀಟಿಗೂ ಡೀಮ್ಡ್ ಸೀಟಿಗೂ ವರ್ಷಕ್ಕೆ ಹಲವು ಲಕ್ಷಗಳ ಅಂತರವಿದೆ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲ ಯೋಜನೆಯನ್ನು ವಿಚಾರಿಸಿರಿ. ಬಡ್ಡಿಯ ಸಾಲಕ್ಕೆ, ಮನೆ ಅಡವಿಗೆ, ದಲ್ಲಾಳಿಯ ಮಾತಿಗೆ ಬಲಿಯಾಗದಿರಿ. ಇನ್ನೊಂದು ವರ್ಷದ ಕೋಚಿಂಗ್ ಕೂಡ ಬಿಟ್ಟಿಯಲ್ಲ. ಅದಕ್ಕೂ ಯಾರದೋ ಬೆವರು ಸುರಿಯುತ್ತದೆ.

ತಂದೆತಾಯಂದಿರಿಗೂ ಒಂದು ಮಾತು. ‘ಜನ ಏನೆಂದಾರು’ ಎಂಬ ಅಂಜಿಕೆಯಿಂದ ಮಗುವನ್ನು ಯಾವುದೋ ಸೀಟಿಗೆ ತಳ್ಳುವುದೂ, ‘ಡಾಕ್ಟರಲ್ಲದೆ ಬೇರೇನೂ ಬೇಡ’ ಎಂಬ ಹಟದಿಂದ ನಾಲ್ಕನೆಯ ವರ್ಷವೂ ಕೂರಿಸುವುದೂ ಒಂದೇ ತಪ್ಪಿನ ಎರಡು ಮುಖಗಳು. ದಂತವೈದ್ಯ, ಯುನಾನಿ, ಶುಶ್ರೂಷೆ, ಫಿಸಿಯೋಥೆರಪಿ ಇವೆಲ್ಲ ರೋಗಿಯ ಸೇವೆಯ ಬಾಗಿಲುಗಳೇ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಈ ಊರಿನ ಸಾವಿರಾರು ಮನೆಗಳು ಹೊಸ ದಾರಿ ಹುಡುಕಿಕೊಂಡವು. ಒಂದು ಬಾಗಿಲು ಮುಚ್ಚಿದರೆ ಅನ್ನದಾತನು ಮುಚ್ಚಿಹೋಗುವುದಿಲ್ಲವೆಂದು ನಮ್ಮ ಹಿರಿಯರು ಬದುಕಿ ತೋರಿಸಿದ್ದಾರೆ.

ಇಸ್ತಿಖಾರಾ ಎಂದರೇನು?

ಪ್ರವಾದಿವರ್ಯರು(ಸ) ತಮ್ಮ ಸಂಗಾತಿಗಳಿಗೆ ಎಲ್ಲ ವಿಷಯಗಳಲ್ಲಿಯೂ ಇಸ್ತಿಖಾರಾ ಮಾಡಲು ಕಲಿಸುತ್ತಿದ್ದರು. ಎರಡು ರಕಅತ್ ನಮಾಝ್, ಬಳಿಕ ಪ್ರಾರ್ಥನೆ. ಈ ಕಾರ್ಯ ನನ್ನ ಧರ್ಮಕ್ಕೂ ಬದುಕಿಗೂ ಅಂತ್ಯಕ್ಕೂ ಒಳಿತಾಗಿದ್ದರೆ ಸುಲಭಗೊಳಿಸು, ಕೆಡುಕಾಗಿದ್ದರೆ ದೂರ ಮಾಡು, ಒಳಿತು ಎಲ್ಲಿದ್ದರೂ ಅದನ್ನು ಕೊಟ್ಟು ಅದರಲ್ಲಿ ನನಗೆ ತೃಪ್ತಿ ನೀಡು ಎಂಬುದು ಅದರ ಸಾರ. ಅದರಲ್ಲಿ ಕನಸಿನ ಮಾತಿಲ್ಲ. ಹಸಿರು ಕಂಡರೆ ಒಪ್ಪುವುದು, ಕೆಂಪು ಕಂಡರೆ ಬಿಡುವುದು ಎಂಬುದು ಜನರು ಕಟ್ಟಿಕೊಂಡದ್ದು. ಪುಸ್ತಿಕೆ ಓದದೆ, ಲೆಕ್ಕ ಹಾಕದೆ, ಬಲ್ಲವರನ್ನು ಕೇಳದೆ ಕನಸಿಗಾಗಿ ಕಾಯುವವನು ಇಸ್ತಿಖಾರಾವನ್ನು ಸೋಮಾರಿತನಕ್ಕೆ ಮರೆಯಾಗಿಸಿಕೊಂಡಿದ್ದಾನೆ.

ಓದುಗರೇ, ಒಟ್ಟಿನಲ್ಲಿ ಮಾತು ಇಷ್ಟು. ಶುಲ್ಕ ನಿಮ್ಮ ಅಳವಿನಲ್ಲಿದ್ದು, ಇದಕ್ಕಿಂತ ಮೇಲಿನ ಸೀಟು ಸಿಗದಿದ್ದರೂ ಇಲ್ಲಿಯೇ ತೃಪ್ತಿಯಿಂದ ಓದಬಲ್ಲಿರಾದರೆ, ಬೇಗನೆ ಒಪ್ಪಿಕೊಳ್ಳಿರಿ. ಹಿಂದಿನ ಸಲದ ಕೊರತೆ ಯಾವುದೆಂದು ಬರೆದು ತೋರಿಸಬಲ್ಲಿರಾದರೆ, ಅದಕ್ಕೆ ಪರಿಹಾರವೂ ಕೈಯಲ್ಲಿದ್ದರೆ, ಮನೆಯವರು ಮನಸಾರೆ ಒಪ್ಪಿದರೆ, ಕಾಯಿರಿ. ಆದರೆ ಎಷ್ಟು ಕಾಲ ಎಂಬುದನ್ನು ಇಂದೇ ಗೊತ್ತುಪಡಿಸಿರಿ. ನಾಚಿಕೆಯಿಂದ ಅವಸರಪಡಬೇಡಿರಿ, ಅಹಂಕಾರದಿಂದ ಕಾಯಬೇಡಿರಿ. ಬಳಿಕ ಬಂದುದನ್ನು ಅಲ್ಲಾಹನ ತೀರ್ಮಾನವೆಂದು ಸ್ವೀಕರಿಸಿ ಮರುದಿನ ಬೆಳಗ್ಗೆ ಪುಸ್ತಕ ತೆರೆಯಿರಿ.