ಇಂಗ್ಲಿಷ್ ಪಾಠ: 'ಬಿಡು' ಒಂದು, ಬಗೆ ಏಳು

ಚಟ ಬಿಟ್ಟ, ಊರು ಬಿಟ್ಟ, ಕೆಲಸ ಬಿಟ್ಟ, ಪಾಲು ಬಿಟ್ಟ: ಕನ್ನಡದಲ್ಲಿ 'ಬಿಡು' ಎಂಬ ಒಂದೇ ಧಾತುವಿನಿಂದ ನಮ್ಮ ವ್ಯವಹಾರವೆಲ್ಲ ಸಾಗುತ್ತದೆ. ಇಂಗ್ಲಿಷಿನಲ್ಲಿ ಹಾಗಲ್ಲ; ಬಿಡುವ ಬಗೆ ಬೇರೆಯಾದರೆ ಕ್ರಿಯಾಪದವೂ ಬೇರೆ. ಕಳಂಬೋಲಿಯ ಗೋದಾಮುಗಳಲ್ಲಿಯೂ ಕಚೇರಿಗಳಲ್ಲಿಯೂ ದುಡಿಯುವ ನಾವು ರುಜು ಹಾಕುವ ಕಾಗದಗಳಲ್ಲಿ ಇವೇ ಶಬ್ದಗಳು ಬರುತ್ತವೆ. ಆದ್ದರಿಂದ ಒಂದೊಂದಾಗಿ ನೋಡೋಣ.

1. ರಿಸೈನ್: ಹುದ್ದೆಯನ್ನು ತಾನಾಗಿ, ತಿಳಿಸಿ ಬಿಡುವುದು. 1956ರಲ್ಲಿ ಅರಿಯಲೂರಿನ ರೈಲು ಅಪಘಾತವಾದ ಮೇಲೆ ಲಾಲ್ ಬಹಾದೂರ್ ಶಾಸ್ತ್ರಿಯವರು ರೈಲ್ವೆ ಮಂತ್ರಿಪದವಿಯನ್ನು ಬಿಟ್ಟರಲ್ಲ, ಅದು ರಿಸೈನ್.

2. ಸರೆಂಡರ್: ಕೈಯಲ್ಲಿರುವುದನ್ನು ಸಂಬಂಧಪಟ್ಟವರಿಗೆ ಒಪ್ಪಿಸುವುದು. ವಿಮಾ ಪಾಲಿಸಿಯನ್ನು ಅವಧಿಗೆ ಮುಂಚೆ ಒಪ್ಪಿಸಿದರೆ ಬರುವ ಹಣವೇ ಸರೆಂಡರ್ ವ್ಯಾಲ್ಯೂ.

3. ರಿಲಿಂಕ್ವಿಶ್: ಹಕ್ಕನ್ನು ಬಿಟ್ಟುಕೊಡುವುದು. ತಂಗಿಯು ತವರಿನ ಆಸ್ತಿಯಲ್ಲಿ ತನ್ನ ಪಾಲನ್ನು ಅಣ್ಣನಿಗೆ ಬಿಟ್ಟು ಬರೆದುಕೊಡುವ ಪತ್ರದಲ್ಲಿ ಈ ಶಬ್ದವಿರುತ್ತದೆ. ಇಲ್ಲಿನ ಮರಾಠಿ ಜನ ಅದನ್ನು 'ಹಕ್ಕಸೋಡ ಪತ್ರ' ಎನ್ನುತ್ತಾರೆ.

4. ರಿನೌನ್ಸ್: ಎಲ್ಲರೂ ತಿಳಿಯುವಂತೆ ಸಾರಿ ತ್ಯಜಿಸುವುದು. ಜಲಿಯನ್‌ವಾಲಾ ಬಾಗಿನ ಹತ್ಯೆಯನ್ನು ಪ್ರತಿಭಟಿಸಿ 1919ರಲ್ಲಿ ರವೀಂದ್ರನಾಥ ಟಾಗೋರರು 'ಸರ್' ಪದವಿಯನ್ನು ಬಿಟ್ಟದ್ದು ಹೀಗೆ.

5. ವೇವ್: ಬರಬೇಕಾದುದನ್ನು ಕೇಳದೆ ಬಿಡುವುದು. ಬ್ಯಾಂಕು ಬಡ್ಡಿಯನ್ನು ವೇವ್ ಮಾಡಿದರೆ ಲಾಭ ನಮ್ಮದು. ನಾವು ನಮ್ಮ ಬಾಕಿಯನ್ನು ವೇವ್ ಮಾಡಿದೆವೆಂದು ರುಜು ಹಾಕಿದರೆ ನಷ್ಟ ನಮ್ಮದು. ಕೈಬೀಸುವ 'ವೇವ್'ಗೂ ಇದೇ ಉಚ್ಚಾರ. ಕಾಗುಣಿತ ಮಾತ್ರ ಬೇರೆ.

6. ಫಾರ್ಫಿಟ್: ತಪ್ಪಿಗಾಗಿಯೋ ನಿಯಮದಂತೆಯೋ ಕಳೆದುಕೊಳ್ಳುವುದು. ಇಲ್ಲಿ ನಾವು ಬಿಡುವುದಿಲ್ಲ, ಅದು ನಮ್ಮ ಕೈ ಬಿಡುತ್ತದೆ. ಚುನಾವಣೆಯಲ್ಲಿ ಠೇವಣಿ ಹೋಗುವುದು ಇದಕ್ಕೆ ಉದಾಹರಣೆ.

7. ಅಬಾಂಡನ್: ಇನ್ನು ನನಗೆ ಬೇಡವೆಂದು ಪೂರ್ತಿಯಾಗಿ ತೊರೆಯುವುದು. ಇದನ್ನು ವಿಶೇಷವಾಗಿ ನೆನಪಿಡಿರಿ. ಊರಿಗೆ ಹೋದವನು ಜ್ವರದಿಂದ ಮಲಗಿ ತಡವಾಗಿ ಬಂದರೆ 'ನೀನು ಕೆಲಸ ಅಬಾಂಡನ್ ಮಾಡಿದ್ದೀ' ಎಂಬ ಕಾಗದ ಕಾದಿರುವುದುಂಟು. ಜಿ. ಟಿ. ಲಾಡ್ ಮತ್ತಿತರರು ಕೆಮಿಕಲ್ಸ್ ಅಂಡ್ ಫೈಬರ್ಸ್ ಇಂಡಿಯಾ ಕಂಪನಿಯ ವಿರುದ್ಧ ಹೂಡಿದ, 1979ರ ಕಾನೂನು ವರದಿಗಳಲ್ಲಿ ಅಚ್ಚಾಗಿರುವ ಮೊಕದ್ದಮೆಯಲ್ಲಿ ಇದೇ ಶಬ್ದದ ಮೇಲೆ ವಾದ ನಡೆಯಿತು. ಮುಷ್ಕರ ಹೂಡಿದವರು ಕೆಲಸ ತೊರೆದರೆಂಬುದು ಕಂಪನಿಯ ವಾದ. ಕಾಯಿದೆಯಲ್ಲಿ ಅರ್ಥವಿವರಣೆ ಇಲ್ಲದ್ದರಿಂದ ಸುಪ್ರೀಂ ಕೋರ್ಟು ನಿಘಂಟನ್ನೇ ತೆರೆದು ನೋಡಿತು. ತೊರೆಯುವುದೆಂದರೆ ಪೂರ್ತಿ ಬಿಡುವ ಮನಸ್ಸಿರಬೇಕು, ತಾತ್ಕಾಲಿಕ ಗೈರುಹಾಜರಿ ಸಾಮಾನ್ಯವಾಗಿ ತೊರೆದಂತಾಗದು ಎಂದು ಹೇಳಿ, ಕೆಲಸಗಾರರ ಪಕ್ಷವನ್ನು ಎತ್ತಿಹಿಡಿಯಿತು. ಒಂದು ಶಬ್ದದ ಅರ್ಥದಿಂದ ಅನ್ನ ಉಳಿಯಿತು.

ಆದ್ದರಿಂದ ರಜೆ ಮುಗಿಯುವುದರೊಳಗೆ ಬರಲಾಗದಿದ್ದರೆ ಬರಹದಲ್ಲಿ ತಿಳಿಸಿರಿ, ಪ್ರತಿಯನ್ನು ಇಟ್ಟುಕೊಳ್ಳಿರಿ. ಮರಳಿ ಬರುವ ಮನಸ್ಸಿತ್ತೆಂಬುದಕ್ಕೆ ಅದೇ ಸಾಕ್ಷಿ.

ಅಭ್ಯಾಸ: ಸರಿಯಾದ ಕ್ರಿಯಾಪದ ಯಾವುದು?
ಅ) ಗುಮಾಸ್ತನು ತಿಂಗಳ ನೋಟೀಸು ಕೊಟ್ಟು ಕೆಲಸ ಬಿಟ್ಟನು.
ಆ) ಶಾಲೆಯವರು ಬಡ ಹುಡುಗನ ಫೀಜನ್ನು ಬಿಟ್ಟರು.
ಇ) ಕರಾರು ಮುರಿದವನ ಮುಂಗಡ ಹೋಯಿತು.

ಉತ್ತರ: ಅ) ರಿಸೈನ್, ಆ) ವೇವ್, ಇ) ಫಾರ್ಫಿಟ್.

ಅರ್ಥವಾಗದ ಇಂಗ್ಲಿಷ್ ಕಾಗದ ಬಂದರೆ ರುಜು ಹಾಕುವ ಮುಂಚೆ ವಾಚನಾಲಯಕ್ಕೆ ತನ್ನಿರಿ. ಕೂಡಿ ಓದೋಣ.