ಮಳೆಗಾಲ ದಾಟಿದವರೇ ಸಪೂರ ಆಗುವುದು

ನಮ್ಮ ಜಿಮ್ ಇರುವುದು ಮಂಗಳೂರಿನ ಕದ್ರಿಯ ಕಡೆ, ಹಳೆಯ ಕಟ್ಟಡವೊಂದರ ಮೊದಲ ಮಹಡಿಯಲ್ಲಿ. ಎಸಿ ಇಲ್ಲ, ಕಿಟಕಿ ಬೇಕಾದಷ್ಟು ಉಂಟು. ಜನವರಿಯಲ್ಲಿ ಡಂಬೆಲ್ ಸಿಗಲು ಸರದಿ ಕಾಯಬೇಕು. ಜುಲೈಯಲ್ಲಿ ನಾನು, ಫ್ಯಾನು, ಮತ್ತೆ ಬೆರಳೆಣಿಕೆಯ ಜನ. ವರ್ಷಗಳಿಂದ ಇದನ್ನೇ ನೋಡಿ ನನಗೆ ಒಂದು ವಿಷಯ ಖಾತ್ರಿಯಾಗಿದೆ. ಮಂಗಳೂರಿನವರಿಗೆ ಬೊಜ್ಜು ಕರಗಿಸಲು ಅಡ್ಡ ಬರುವುದು ಈ ಊರಿನ ಕ್ಯಾಲೆಂಡರ್. ಮಳೆ, ಬೋಟು ರಜೆ, ಅಷ್ಟಮಿ, ದಸರಾ, ನೇಮ, ಮದುವೆ ಎಂದು ವರ್ಷವಿಡೀ ಏನಾದರೊಂದು ಇದ್ದೇ ಇರುತ್ತದೆ. ಎಲ್ಲಿಯದೋ ಡಯೆಟ್ ಚಾರ್ಟನ್ನು ಮೊಬೈಲಿಗೆ ಇಳಿಸಿಕೊಂಡವರು ಮೂರನೇ ವಾರಕ್ಕೆ ಕೈಬಿಡುವುದು ಅದಕ್ಕೇ. ಆ ಚಾರ್ಟಿಗೆ ತುಳುವರ ಮಳೆಗಾಲದ ಆಟಿ ತಿಂಗಳು ಎಂದರೆ ಏನೆಂದು ಗೊತ್ತಿಲ್ಲ.

1. ಮೊದಲು ಟೇಪು, ಆಮೇಲೆ ತೂಕ

ಹೊಸಬರು ಬಂದ ಕೂಡಲೇ ತೂಕದ ಯಂತ್ರ ಹುಡುಕುತ್ತಾರೆ. ನಾನು ಕೊಡುವುದು ದರ್ಜಿಯ ಟೇಪು. ಪಕ್ಕೆಲುಬಿನ ಕೊನೆಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟ ಮೇಲೆ ಅಳೆಯಬೇಕು. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಎಚ್ಚರ ಬೇಕು ಎಂಬುದು ನಮ್ಮ ದೇಶದವರಿಗೆ ಹೇಳಿದ ಮಿತಿ. "ನನ್ನದು 34 ಸೈಜು ಸರ್" ಎನ್ನುವವರು ಪ್ಯಾಂಟು ಕಟ್ಟುವುದು ಹೊಟ್ಟೆಯ ಕೆಳಗೆ. ಟೇಪು ನಲವತ್ತು ಇಂಚು ತೋರಿಸುವಾಗ ಅವರು ಟೇಪನ್ನೇ ಸಂಶಯದಿಂದ ನೋಡುತ್ತಾರೆ.

ತೂಕವನ್ನು ಯಾಕೆ ಪೂರ್ತಿ ನಂಬಬಾರದು ಎನ್ನುವುದಕ್ಕೆ ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಹಾಕಿದ ಒಂದು ಫೋಟೋ ಸಾಕು. ಇಬ್ಬರೂ ಅಕ್ಕಪಕ್ಕ ನಿಂತಿದ್ದಾರೆ, ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಮೈಯಲ್ಲಿ ಶೇ. 21.2. ನಮ್ಮಲ್ಲಿ ಕೈಕಾಲು ಸಪೂರ, ಹೊಟ್ಟೆ ಮಾತ್ರ ಮುಂದೆ. ನೋಡುವಾಗ ತೋರ ಕಾಣದವರಿಗೂ ಶುಗರ್ ಬರುವುದು ಹೀಗೆ.

2. ಕುಚ್ಚಲಕ್ಕಿಗೆ ಬೈಯಬೇಡಿ

"ಅನ್ನ ಬಿಟ್ಟೆ, ಈಗ ರಾತ್ರಿ ನಾಲ್ಕು ಚಪಾತಿ" ಎಂದು ಹೆಮ್ಮೆಯಿಂದ ಹೇಳುವವರು ತುಂಬ ಜನ. ನೂರು ಗ್ರಾಂ ಅಕ್ಕಿಯಲ್ಲೂ ನೂರು ಗ್ರಾಂ ಗೋಧಿಹಿಟ್ಟಿನಲ್ಲೂ ಇರುವ ಕ್ಯಾಲೊರಿ ಹೆಚ್ಚುಕಡಿಮೆ ಒಂದೇ, ಮುನ್ನೂರೈವತ್ತರ ಆಸುಪಾಸು. ಚಪಾತಿಗೆ ಸವರಿದ ಎಣ್ಣೆ ಬೇರೆ. ಭತ್ತವನ್ನು ಬೇಯಿಸಿ ಒಣಗಿಸಿ ಕುಟ್ಟುವುದರಿಂದ ತೌಡಿನ ಬಿ ವಿಟಮಿನ್‌ಗಳು ಕಾಳಿನ ಒಳಕ್ಕೆ ಇಳಿದಿರುತ್ತವೆ. ಕುಚ್ಚಲಕ್ಕಿಯ ಆ ಲಾಭ ಬಿಳಿ ಅಕ್ಕಿಯಲ್ಲಿಲ್ಲ. ಗಂಜಿಯಾದರೆ ಅರ್ಧಕ್ಕರ್ಧ ನೀರೇ, ಹೊಟ್ಟೆ ತುಂಬಿದ್ದು ಗೊತ್ತಾಗುತ್ತದೆ.

ನಾನು ಹೇಳುವುದು ಇಷ್ಟೇ. ಬಟ್ಟಲಿಗೆ ಮೊದಲು ಪಲ್ಯ ಬೀಳಲಿ. ಹರಿವೆ, ಬಸಳೆ, ಕಡ್ಲೆ-ಮನೋಳಿ, ಯಾವುದಾದರೂ ಸರಿ. ಆಮೇಲೆ ಮೀನೋ ಕಾಳೋ, ಉಳಿದ ಜಾಗಕ್ಕೆ ಅನ್ನ. ಎರಡನೇ ಸಲ ಬಡಿಸಿಕೊಳ್ಳುವುದು ಬೇಕಾದರೆ ಪಲ್ಯಕ್ಕೆ ಮಾತ್ರ. ಅಮ್ಮಂದಿರು ಇದಕ್ಕೆ ಸುಲಭದಲ್ಲಿ ಒಪ್ಪುವುದಿಲ್ಲ, ಅದು ಬೇರೆ ಮಾತು.

3. ಪ್ರೋಟೀನ್ ಡಬ್ಬಿಗಿಂತ ಮೊದಲು ದಕ್ಕೆಗೆ ಹೋಗಿ

ಇಪ್ಪತ್ತರ ಹುಡುಗರು ಮೊದಲ ದಿನವೇ ಕೇಳುವುದು ಯಾವ ಪೌಡರ್ ಒಳ್ಳೆಯದು ಎಂದು. ಅವರ ಮನೆಯಲ್ಲಿ ದಿನಾ ಬಂಗುಡೆ ಬೇಯುತ್ತದೆ. ನೂರು ಗ್ರಾಂ ಬಂಗುಡೆಯಲ್ಲಿ ಸುಮಾರು 20 ಗ್ರಾಂ ಪ್ರೋಟೀನ್ ಉಂಟು, ಒಮೆಗಾ-3 ಕೊಬ್ಬು ಉಚಿತ. ಬೂತಾಯಿಯೂ ಏನೂ ಕಡಿಮೆಯಲ್ಲ. ಆರೋಗ್ಯವಂತ ಮನುಷ್ಯನಿಗೆ ದಿನಕ್ಕೆ ಬೇಕಾದದ್ದು ಮೈತೂಕದ ಪ್ರತಿ ಕಿಲೋಗೆ 0.83 ಗ್ರಾಂ ಎನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಲೆಕ್ಕ. ಭಾರ ಎತ್ತುವವರು 1.2ರಿಂದ 1.6 ಗ್ರಾಂವರೆಗೆ ಹೋಗಬಹುದು. ಕಿಡ್ನಿ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಏರಿಸಬಾರದು.

ಎಡವಟ್ಟಾಗುವುದು ಕಾವಲಿಯಲ್ಲಿ. ರವಾ ಫ್ರೈ ಮಾಡಿದರೆ ಮೀನಿನ ಸುತ್ತ ಇರುವ ರವೆ ಎಣ್ಣೆ ಹೀರುತ್ತದೆ, ನಾವು ಅದನ್ನೇ ಮೊದಲು ಕಿತ್ತು ತಿನ್ನುವುದು. ಹುಳಿ-ಖಾರದ ಪುಳಿಮುಂಚಿ ಸಾರಿಗೆ ಎಣ್ಣೆ ಅಷ್ಟು ಬೇಡ. ವಾರದ ಆರು ದಿನ ಪುಳಿಮುಂಚಿ, ಭಾನುವಾರ ಫ್ರೈ ಎಂದು ಮಾಡಿದ ಮನೆಗಳಲ್ಲಿ ಜಗಳ ಕಡಿಮೆ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ. ದಕ್ಕೆಯಲ್ಲಿ ಬೋಟುಗಳು ಸಾಲಾಗಿ ಕಟ್ಟಿ ನಿಂತಿರುತ್ತವೆ, ಮಾರ್ಕೆಟಿನಲ್ಲಿ ಮೀನಿನ ರೇಟು ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಆ ಎರಡು ತಿಂಗಳಲ್ಲಿ ಊಟದಿಂದ ಪ್ರೋಟೀನ್ ಇಳಿಯುತ್ತದೆ, ಅದರ ಜಾಗಕ್ಕೆ ಹಪ್ಪಳ ಬರುತ್ತದೆ. ಒಣಮೀನು ರುಚಿಯೇನೋ ಹೌದು, ಆದರೆ ಅದರ ಉಪ್ಪು! ದಿನಕ್ಕೆ ಐದು ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಣಮೀನನ್ನು ಚೆನ್ನಾಗಿ ನೆನೆಸಿ ತೊಳೆದು ತಿನ್ನಿ, ಅದೂ ಅಪರೂಪಕ್ಕೆ. ಈ ಕಾಲಕ್ಕೆ ಸರಿಯಾದದ್ದು ಮೊಟ್ಟೆ ಮತ್ತು ಹುರುಳಿ. ತುಳುವರ ಕುಡುತ್ತ ಸಾರಿನ ಹುರುಳಿ, ಒಣಕಾಳಿನ ಲೆಕ್ಕದಲ್ಲಿ ನೂರು ಗ್ರಾಂಗೆ 22 ಗ್ರಾಂ ಪ್ರೋಟೀನ್. ಸಾರಿನ ನೀರು ಮಾತ್ರ ಕುಡಿದು ಕಾಳು ಬಿಡುವವರಿಗೆ ಈ ಲೆಕ್ಕ ಸಿಗುವುದಿಲ್ಲ.

4. ನಾಲ್ಕು ಗಂಟೆಯ ಚಾ

ಎಲ್ಲಕ್ಕಿಂತ ದೊಡ್ಡ ಪಾಠ ಇದು. ಕೇಳಿದರೆ ಎಲ್ಲರೂ ಮೂರು ಹೊತ್ತಿನ ಊಟದ ಕಥೆ ಹೇಳುತ್ತಾರೆ. ಬೊಜ್ಜು ಕೂತದ್ದು ನಾಲ್ಕನೆಯದರಿಂದ. ಹಂಪನಕಟ್ಟೆಯಲ್ಲಿ ಸಂಜೆ ನಾಲ್ಕಕ್ಕೆ ಯಾವ ಹೋಟೆಲಿಗೆ ಹೋದರೂ ಬಾಣಲೆಯಿಂದ ಗೋಳಿಬಜೆ ಏಳುತ್ತಿರುತ್ತದೆ. ಹೊರಗೆ ಗರಿಗರಿ, ಒಳಗೆ ಮೆತ್ತಗೆ, ಬದಿಗೆ ಕಾಯಿ ಚಟ್ನಿ. ಇಲ್ಲದಿದ್ದರೆ ಬನ್ಸ್, ಅಂದರೆ ಮೈದಾ, ಬಾಳೆಹಣ್ಣು, ಸಕ್ಕರೆ ಕಲಸಿ ಎಣ್ಣೆಯಲ್ಲಿ ಉಬ್ಬಿಸಿದ್ದು. ಒಂದು ಪ್ಲೇಟು ಮುಗಿಸಿ, ಎರಡು ಚಮಚ ಸಕ್ಕರೆಯ ಚಾ ಕುಡಿದು, ಮನೆಗೆ ಬಂದು "ಮಧ್ಯಾಹ್ನದ ಮೇಲೆ ಏನೂ ತಿನ್ನಲಿಲ್ಲ" ಎನ್ನುತ್ತೇವೆ. ಸುಳ್ಳು ಹೇಳುತ್ತಿದ್ದೇವೆ ಎಂದೇನಲ್ಲ, ಅದು ತಿಂಡಿ ಎಂದೇ ಅನಿಸುವುದಿಲ್ಲ.

ಎಣ್ಣೆ ಒಂದು ಗ್ರಾಂಗೆ ಒಂಬತ್ತು ಕ್ಯಾಲೊರಿ. ಒಂದು ದೊಡ್ಡ ಚಮಚ ಎಣ್ಣೆ ಎಂದರೆ 120 ಕ್ಯಾಲೊರಿ. ಎಪ್ಪತ್ತು ಕಿಲೋ ತೂಕದವರು ಅದನ್ನು ಕರಗಿಸಲು ಸುಮಾರು ಎರಡೂವರೆ ಕಿಲೋಮೀಟರ್ ನಡೆಯಬೇಕು. ಗೋಳಿಬಜೆ ಪ್ಲೇಟಿನಲ್ಲಿ ಎಷ್ಟು ಚಮಚ ಎಣ್ಣೆ ಉಂಟೆಂದು ನೀವೇ ಊಹಿಸಿ. ಬೆಳಗ್ಗೆ ಕದ್ರಿ ಪಾರ್ಕಿನಲ್ಲಿ ಸುತ್ತು ಹಾಕಿ, ನೇರ ಬನ್ಸ್-ಚಾಕ್ಕೆ ಹೋಗುವ ಗೆಳೆಯರ ಗುಂಪುಗಳು ನಮ್ಮಲ್ಲಿ ಉಂಟು. ಅವರ ಸ್ನೇಹ ಗಟ್ಟಿಯಾಗುತ್ತದೆ, ಹೊಟ್ಟೆ ಇಳಿಯುವುದಿಲ್ಲ.

ಚಾ ಬಿಡಿಸಲು ಹೋಗಬೇಡಿ, ಯಾರೂ ಬಿಡುವುದಿಲ್ಲ. ಸಕ್ಕರೆ ಒಂದು ಚಮಚಕ್ಕೆ ಇಳಿಸಿ, ಜೊತೆಗೆ ಬೇಯಿಸಿದ ಕಡ್ಲೆ, ನೆಲಗಡಲೆ ಅಥವಾ ಒಂದು ಮೊಟ್ಟೆ. ನಾಲ್ಕು ಗಂಟೆಗೆ ಹೊಟ್ಟೆ ಏನಾದರೂ ಕೇಳುವುದು ನಿಜ, ಅದನ್ನು ಖಾಲಿ ಬಿಟ್ಟರೆ ರಾತ್ರಿ ಅನ್ನದ ಮೇಲೆ ಸೇಡು ತೀರಿಸಿಕೊಳ್ಳುತ್ತದೆ.

5. ಮಳೆಯಲ್ಲಿ ನಿಲ್ಲಿಸಿದವರು ಸೆಪ್ಟೆಂಬರಿನಲ್ಲಿ ಮೊದಲಿನಿಂದ ಶುರು ಮಾಡುತ್ತಾರೆ

ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮೀರಿ ಮಳೆ ಬೀಳುವ ಊರು ಇದು. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. "ಮಳೆ ನಿಂತ ಮೇಲೆ ಬರ್ತೇನೆ" ಎಂದವರನ್ನು ನವರಾತ್ರಿಗೆ ನೋಡಿದರೆ ಏಪ್ರಿಲಿನಲ್ಲಿ ಇಳಿಸಿದ್ದೆಲ್ಲ ವಾಪಸು ಬಂದಿರುತ್ತದೆ.

ಮಳೆಗಾಲದಲ್ಲಿ ಜಿಮ್ಮಿಗೆ ಬರದಿರಲು ಸೋಮಾರಿತನಕ್ಕಿಂತ ದೊಡ್ಡ ಕಾರಣ ಒದ್ದೆ ಶೂ. ಒಮ್ಮೆ ನೆನೆದರೆ ಎರಡು ದಿನ ಒಣಗುವುದಿಲ್ಲ, ಮೂರನೇ ದಿನ ವಾಸನೆ, ನಾಲ್ಕನೇ ದಿನ ಬೂಸ್ಟು. ಅದಕ್ಕೆ ಒಂದು ಜೋಡಿ ಶೂ ಜಿಮ್ಮಿನಲ್ಲೇ ಇಡಿ, ಚಪ್ಪಲಿಯಲ್ಲಿ ಬನ್ನಿ. ನೆನೆದ ಶೂವಿನ ಒಳಗೆ ಹಳೆಯ ಪೇಪರ್ ತುರುಕಿಟ್ಟರೆ ಬೆಳಗ್ಗೆಗೆ ಅರ್ಧ ಒಣಗಿರುತ್ತದೆ. ಪ್ರೇರಣೆಯ ಭಾಷಣಕ್ಕಿಂತ ಈ ಪೇಪರ್ ಹೆಚ್ಚು ಜನರನ್ನು ವಾಪಸು ಕರೆತಂದಿದೆ.

ಬೇಸಗೆಯಲ್ಲಿ ಕದ್ರಿ ದೇವಸ್ಥಾನದ ಬಳಿಯಿಂದ ಗುಡ್ಡ ಹತ್ತುವ ಮೆಟ್ಟಿಲುಗಳಿಗಿಂತ ಒಳ್ಳೆಯ ಟ್ರೆಡ್‌ಮಿಲ್ ಇಲ್ಲ. ಬಾವುಟಗುಡ್ಡೆಯ ಏರೂ ಹಾಗೆಯೇ. ಈ ಊರು ಇರುವುದೇ ಗುಡ್ಡಗಳ ಮೇಲೆ, ಅದು ನಮಗೆ ಪುಕ್ಕಟೆ ಸಿಕ್ಕಿದೆ. ಆದರೆ ಜುಲೈಯಲ್ಲಿ ಮುರಕಲ್ಲಿನ ಮೇಲೆ ಪಾಚಿ ಕಟ್ಟಿರುತ್ತದೆ, ಜಾರಿದರೆ ಆರು ತಿಂಗಳು ಮನೆಯಲ್ಲಿ. ಆಗ ಫ್ಲ್ಯಾಟಿನ ಮೆಟ್ಟಿಲು ಹತ್ತಿ ಇಳಿಯಿರಿ. ಮನೆಯೊಳಗೆ ಬಸ್ಕಿ, ದಂಡ, ಸೂರ್ಯನಮಸ್ಕಾರ ಮಾಡಿ. ಹತ್ತು ಕಿಲೋ ಅಕ್ಕಿಯ ಚೀಲ ಎದೆಗಪ್ಪಿಕೊಂಡು ಬಸ್ಕಿ ಹೊಡೆದರೆ ಯಾವ ಯಂತ್ರವೂ ಬೇಡ. ಈಜು ಬಲ್ಲವರಿಗೆ ಎಮ್ಮೆಕೆರೆಯ ಈಜುಕೊಳ ಉಂಟು, ಲೇಡಿಹಿಲ್ ಬಳಿ ಮಂಗಳಾ ಈಜುಕೊಳ ಉಂಟು. ವಾರಕ್ಕೆ 150 ನಿಮಿಷ ಚುರುಕು ನಡಿಗೆಯಂಥದ್ದು, ಜೊತೆಗೆ ಎರಡು ದಿನ ಸ್ನಾಯುಗಳಿಗೆ ಕೆಲಸ. ವಿಶ್ವ ಆರೋಗ್ಯ ಸಂಸ್ಥೆ ಕೇಳುವ ಕನಿಷ್ಠ ಅಷ್ಟೇ. ಛತ್ರಿಯ ಕೆಳಗೂ ಅದು ಆಗುತ್ತದೆ.

6. ಬೆವರು ಕೊಬ್ಬಲ್ಲ

ಏಪ್ರಿಲಿನ ಸೆಕೆಯಲ್ಲಿ ನಮ್ಮ ನೆಲವೇ ಒದ್ದೆ. ಒಂದು ಗಂಟೆಯಲ್ಲಿ ಒಂದು ಕಿಲೋ ಇಳಿದರೆ ಅದು ನೀರು, ಎರಡು ಚೆಂಬು ಕುಡಿದರೆ ವಾಪಸು ಬರುತ್ತದೆ. ಪ್ಲಾಸ್ಟಿಕ್ ಜಾಕೆಟ್ ಹಾಕಿ ಓಡುವುದಕ್ಕೆ ನಮ್ಮಲ್ಲಿ ಅವಕಾಶ ಇಲ್ಲ. ಗಂಜಿಯ ತಿಳಿಗೆ ಚಿಟಿಕೆ ಉಪ್ಪು ಹಾಕಿ ಕುಡಿಯಿರಿ.

7. ಹೆಂಗಸರೂ ಭಾರ ಎತ್ತಬೇಕು

"ಸರ್, ನನಗೆ ವಾಕಿಂಗ್ ಸಾಕು, ಡಂಬೆಲ್ ಎತ್ತಿದರೆ ಗಂಡಸರ ಹಾಗೆ ಆಗ್ತೇನೆ" ಎನ್ನುವ ಅಕ್ಕಂದಿರಿಗೆ ನಾನು ಹೇಳುವುದು, ಗಂಡಸರ ಹಾಗೆ ಆಗಲು ಇಲ್ಲಿ ಗಂಡಸರಿಗೇ ಆಗುತ್ತಿಲ್ಲ ಎಂದು. ಮೂವತ್ತು ದಾಟಿದ ಮೇಲೆ ದಶಕಕ್ಕೆ ಶೇ. 3ರಿಂದ 8ರಷ್ಟು ಸ್ನಾಯು ಕರಗುತ್ತದೆ. ಉಪವಾಸ ಮಾಡಿ ತೂಕ ಇಳಿಸಿದರೆ ಅದು ಇನ್ನೂ ಬೇಗ. ವರ್ಷಗಟ್ಟಲೆ ನೆಲದಲ್ಲಿ ಕೂತು ಬೀಡಿ ಕಟ್ಟಿದ ಒಬ್ಬರು ಮಗಳ ಒತ್ತಾಯಕ್ಕೆ ನಮ್ಮಲ್ಲಿಗೆ ಬಂದರು. ಮೊದಲು ಕುರ್ಚಿಯಿಂದ ಕೈಯೂರದೆ ಏಳುವುದನ್ನು ಮಾತ್ರ ಮಾಡಿಸಿದೆ. ಅವರಿಗೆ ತೂಕ ಇಳಿದದ್ದಕ್ಕಿಂತ ಬಾವಿಯಿಂದ ಕೊಡಪಾನ ಎತ್ತಲು ಆಯಿತು ಎನ್ನುವುದೇ ದೊಡ್ಡ ಸುದ್ದಿ.

8. ಹುಲಿವೇಷಕ್ಕೆ ಮೈ ಕಟ್ಟುವ ಹುಡುಗರಿಂದ ಕಲಿಯಿರಿ, ಅರ್ಧ ಮಾತ್ರ

ಆಗಸ್ಟ್ ಬಂತೆಂದರೆ ನಮ್ಮಲ್ಲಿಗೆ ಹುಲಿಗಳು ಬರುತ್ತವೆ. ನವರಾತ್ರಿಗೆ ಬಣ್ಣ ಹಚ್ಚುವ ಹುಡುಗರು. ಊದು ಹಾಕಿ ವೇಷ ಕಟ್ಟುವ ದಿನ ಗೊತ್ತಿದೆ, ಬರೀ ಮೈಗೆ ಬಣ್ಣ ಬಳಿದಾಗ ಇಡೀ ಊರು ನೋಡುತ್ತದೆ ಎಂದೂ ಗೊತ್ತಿದೆ. ಅಕ್ಕಿಮುಡಿಯನ್ನು ಹಲ್ಲಿನಲ್ಲಿ ಕಚ್ಚಿ ತಲೆಯ ಹಿಂದಕ್ಕೆ ಎಸೆಯಲು ಕುತ್ತಿಗೆ, ಸೊಂಟ, ತೊಡೆ ಎಲ್ಲ ಒಟ್ಟಿಗೆ ಕೆಲಸ ಮಾಡಬೇಕು. ತಾಸೆಯ ಪೆಟ್ಟಿಗೆ ಗಂಟೆಗಟ್ಟಲೆ ಕುಣಿಯಲು ಉಸಿರು ಬೇಕು. ಅವರಿಗೆ ನಾನು ಬೇಗ ಏಳಿ ಎಂದು ಹೇಳಬೇಕಾಗಿಲ್ಲ. ತಾರೀಕು ಗೊತ್ತಿರುವುದು, ಜೊತೆಗೆ ತಂಡ ಇರುವುದು, ಇವೆರಡರಷ್ಟು ಮನಸ್ಸನ್ನು ಹುರಿಗೊಳಿಸುವ ಬೇರೆ ಸಂಗತಿ ನಾನು ನೋಡಿಲ್ಲ.

ವಿಜಯದಶಮಿ ಕಳೆದ ಮರುವಾರದಿಂದ ಅವರು ಕಾಣುವುದಿಲ್ಲ. ಅದು ಕಲಿಯಬಾರದ ಅರ್ಧ. ಅದಕ್ಕೆ ಒಂದು ತಾರೀಕು ಮುಗಿಯುವ ಮೊದಲೇ ಇನ್ನೊಂದನ್ನು ಬರೆಸುತ್ತೇನೆ. ನವೆಂಬರಿನ ಮಂಗಳೂರು ಮ್ಯಾರಥಾನಿನಲ್ಲಿ ಐದು ಕಿಲೋಮೀಟರ್ ಓಟವೂ ಉಂಟು, ಹೆಸರು ಕೊಟ್ಟುಬಿಡಿ ಎನ್ನುತ್ತೇನೆ.

ಕಂಬಳದ ಓಟಗಾರ ಶ್ರೀನಿವಾಸ ಗೌಡರ ಫೋಟೋ ತೋರಿಸಿ "ಇಂಥ ಹೊಟ್ಟೆ ಬೇಕು" ಎಂದವರೂ ಇದ್ದಾರೆ. 2020ರ ಫೆಬ್ರವರಿಯಲ್ಲಿ ಐಕಳದ ಕೆಸರಿನಲ್ಲಿ ಕೋಣಗಳೊಂದಿಗೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದವರು ಅವರು. ದೇಶವೇ ಉಸೇನ್ ಬೋಲ್ಟ್ ಎಂದು ಕೂಗಿತು. ಅವರು ಮಾತ್ರ ಭಾರತೀಯ ಕ್ರೀಡಾ ಪ್ರಾಧಿಕಾರದ (ಸಾಯ್) ಟ್ರಯಲ್ಸಿಗೆ ಹೋಗಲಿಲ್ಲ, ಕಂಬಳದ ಓಟವೇ ಬೇರೆ ಎಂದರು. ಆ ಮೈ ಬಂದದ್ದು ಕೂಲಿ ಕೆಲಸದಿಂದ, ಗದ್ದೆಯಿಂದ. ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವರು ಸಂಜೆಯ ಒಂದು ಗಂಟೆಯಲ್ಲಿ ಅದನ್ನು ಕೇಳಿದರೆ ನಾನು ಎಲ್ಲಿಂದ ಕೊಡಲಿ?

9. ಎದೆನೋವಿಗೆ ಸೋಡಾ ಕುಡಿಯಬೇಡಿ

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಕೊಂಡ ಮೇಲೆ ಕೆಲವು ವಾರ ಜಿಮ್ ಅರ್ಧ ಖಾಲಿ. ಅವರಿಗೆ ಬರೀ 46. ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಯಲ್ಲಿ ತಪಾಸಣೆಗೆ ಜನ ಮುಗಿಬಿದ್ದರು. ಹೆದರಿ ಮನೆಯಲ್ಲಿ ಕೂತರೆ ಹೃದಯಕ್ಕೆ ಲಾಭವಿಲ್ಲ. ನಲವತ್ತು ದಾಟಿದವರು, ಬಿಪಿ-ಶುಗರ್ ಇದ್ದವರು, ಸಿಗರೇಟು ಸೇದುವವರು, ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲಿ ಹೃದಯಾಘಾತ ಆಗಿದ್ದವರು ವೈದ್ಯರನ್ನು ಕಂಡೇ ಶುರು ಮಾಡಬೇಕು. ಎದೆ ಬಿಗಿದರೆ, ನೋವು ದವಡೆಗೋ ಎಡಗೈಗೋ ಹೋದರೆ, ತಣ್ಣನೆಯ ಬೆವರು ಬಂದರೆ ಅಲ್ಲೇ ನಿಲ್ಲಿಸಿ. ನಮ್ಮಲ್ಲಿ ಎಲ್ಲದಕ್ಕೂ 'ಗ್ಯಾಸ್ಟ್ರಿಕ್' ಎಂದು ಹೆಸರಿಟ್ಟು ಜೀರಾ ಸೋಡಾ ಕುಡಿಯುತ್ತಾರೆ. ಸೋಡಾ ಅಂಗಡಿಗೆ ಹೋಗುವ ಬದಲು ಇಸಿಜಿ ಇರುವಲ್ಲಿಗೆ ಹೋಗಿ.

10. ಸಪೂರ ಆದ ಮೇಲೆ ಬರುವ ಪ್ರಶ್ನೆ

ಇದನ್ನು ಯಾವ ಪುಸ್ತಕದಲ್ಲೂ ಓದಿಲ್ಲ. ಹತ್ತು ಕಿಲೋ ಇಳಿಸಿದವರು ಮದುವೆ ಹಾಲಿಗೆ ಕಾಲಿಟ್ಟ ಕೂಡಲೇ ಸಂಬಂಧಿಕರು ಕೇಳುವುದು, "ಎಂತ ಮಾರಾಯ, ಇಷ್ಟು ಸಪೂರ ಆಗಿದ್ದಿ? ಹುಷಾರಿಲ್ವಾ? ಶುಗರ್ ಉಂಟಾ?" ಕನ್ನಡಿ ಕೊಟ್ಟ ಧೈರ್ಯವೆಲ್ಲ ಆ ಒಂದು ಪ್ರಶ್ನೆಗೆ ಇಳಿದುಹೋಗುತ್ತದೆ. ಮುಖದಲ್ಲಿ ಕಳೆ ಇಲ್ಲ ಎಂದರೆ ಮುಗಿಯಿತು, ಎಲೆಯ ಮೇಲೆ ಹೋಳಿಗೆ ಎರಡಾಗುತ್ತದೆ, ತುಪ್ಪ ಬೇರೆ. ಮದುವೆಯ ಸೀಸನ್ನಿನಲ್ಲಿ ಬಿಟ್ಟುಹೋದವರಲ್ಲಿ ಹೆಚ್ಚಿನವರು ಬಿಟ್ಟದ್ದು ಊಟಕ್ಕೆ ಸೋತಲ್ಲ, ಈ ಮಾತಿಗೆ ಸೋತು. ಹಾಗಾಗಿ ಉತ್ತರವನ್ನು ಮೊದಲೇ ತಯಾರು ಮಾಡಿಸಿ ಕಳಿಸುತ್ತೇನೆ. ನಮ್ಮ ಹುಡುಗನೊಬ್ಬ ಕಳೆದ ಸೀಸನ್ನಿನಲ್ಲಿ ಕೊಟ್ಟ ಉತ್ತರ ಈಗ ಎಲ್ಲರಿಗೂ ಬಾಯಿಪಾಠ: "ಶುಗರ್ ಇತ್ತು ದೊಡ್ಡಮ್ಮ, ಈಗ ಇಳಿದಿದೆ. ನೀವು ಯಾವಾಗ ಚೆಕ್ ಮಾಡಿಸಿದ್ದು?"