ಮಳೆಗಾಲದಲ್ಲಿ ಕಾಫಿಪುಡಿ ಘಟಕಕ್ಕೆ ಬಿಡುವು: ಲೆಕ್ಕ ಮತ್ತು ಸಿದ್ಧತೆ

ನಮ್ಮ ಸದಸ್ಯ ಬಾಂಧವರಲ್ಲಿ ಹಲವರು ಈಚಿನ ವರ್ಷಗಳಲ್ಲಿ ತೋಟದ ಜೊತೆಗೆ ಒಂದು ಸಣ್ಣ ಉದ್ಯಮವನ್ನೂ ನಡೆಸುತ್ತಿದ್ದಾರೆ. ಕೆಲವರು ಐದು ಹತ್ತು ಕಿಲೋ ಹಿಡಿಯುವ ಡ್ರಮ್ಮಿನಲ್ಲಿ ಕಾಫಿ ಹುರಿದು, ಪುಡಿ ಮಾಡಿ, ಪೊಟ್ಟಣ ಕಟ್ಟಿ ಮಾರುತ್ತಾರೆ. ಕೆಲವರು ಅಡಿಕೆ ಸುಲಿಯುವ ಯಂತ್ರವನ್ನು ಊರಿನವರಿಗೆ ಬಾಡಿಗೆಗೆ ಓಡಿಸುತ್ತಾರೆ. ಅಡಿಕೆ ಯಂತ್ರದವರಿಗೆ ಮಳೆಗಾಲದ ಬಿಡುವು ತಾನಾಗಿಯೇ ಬರುತ್ತದೆ. ಕೊನೆ ಇಳಿಯದಿದ್ದ ಮೇಲೆ ಸುಲಿಯುವುದೇನು? ಕಾಫಿಪುಡಿಯವರ ಪಾಡು ಬೇರೆ. ಜನ ಮಳೆಗಾಲದಲ್ಲಿ ಒಂದು ಲೋಟ ಕಾಫಿಯನ್ನು ಹೆಚ್ಚೇ ಕುಡಿಯುತ್ತಾರೆ. ಆದರೆ ಘಟ್ಟದ ಮೇಲಿನ ನಮ್ಮ ಪುಡಿ ಅವರ ಮನೆ ಮುಟ್ಟುವುದೇ ಕಷ್ಟವಾಗುತ್ತದೆ. ಹೀಗಾಗಿ ಜೂನ್ ತಿಂಗಳಲ್ಲಿ ಅರೆಮನಸ್ಸಿನಿಂದ ನಡೆಸಿ, ಜುಲೈಯಲ್ಲಿ ವಿಧಿಯಿಲ್ಲದೆ ನಿಲ್ಲಿಸಿ, ಸೆಪ್ಟೆಂಬರಿನಲ್ಲಿ ಗಿರಾಕಿಯೂ ಇಲ್ಲ, ಕೈಯಲ್ಲಿ ಕಾಸೂ ಇಲ್ಲ ಎಂಬ ಸ್ಥಿತಿಗೆ ಬರುವವರು ಪ್ರತಿ ವರ್ಷ ಇದ್ದಾರೆ. ನಿಲ್ಲಿಸುವುದಾದರೆ ಮೊದಲೇ ಯೋಚಿಸಿ ನಿಲ್ಲಿಸುವುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ವಿವರಿಸಿದ್ದೇನೆ.

ಮಳೆಗಾಲದ ತೊಡಕುಗಳು

ಮೊದಲನೆಯದು ತೇವ. ಪಾರ್ಚ್‌ಮೆಂಟ್ ಕಾಫಿಯನ್ನು ಶೇಕಡ 10ರ ತೇವಾಂಶಕ್ಕೂ, ರೊಬಸ್ಟಾ ಚೆರ್ರಿಯನ್ನು ಶೇಕಡ 11ಕ್ಕೂ ಒಣಗಿಸಬೇಕೆಂಬುದು ನಮಗೆಲ್ಲ ತಿಳಿದದ್ದೇ. ಕಣದಲ್ಲಿ ಬೆವರು ಸುರಿಸಿ ಇಳಿಸಿದ ಆ ತೇವವನ್ನು ಕಾಫಿ ಬೀಜ ಮಳೆಗಾಲದಲ್ಲಿ ಗಾಳಿಯಿಂದಲೇ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಕರಾವಳಿಯಲ್ಲಿ ಇದನ್ನೇ ಬಂಡವಾಳ ಮಾಡಿಕೊಂಡು, ಬೀಜವನ್ನು ಮಳೆಗಾಳಿಗೆ ಒಡ್ಡಿ ಉಬ್ಬಿಸಿ, ‘ಮಾನ್ಸೂನ್ಡ್ ಮಲಬಾರ್’ ಎಂಬ ಹೆಸರಿನಲ್ಲಿ ಹೊರದೇಶಕ್ಕೆ ಕಳಿಸುತ್ತಾರೆ. ಅದು ದೊಡ್ಡ ಗೋದಾಮು, ನುರಿತ ಕೈ, ದಿನವೂ ಮಗುಚುವ ಆಳು ಇರುವವರ ಕೆಲಸ. ನಮ್ಮ ಹಿಂದಿನ ಕೋಣೆಯ ಮೂಲೆಯಲ್ಲಿ ಆಗುವುದು ಬರೀ ಬೂಷ್ಟು. ಹುರಿದ ಬೀಜ ಇನ್ನೂ ಆತುರದಿಂದ ತೇವ ಹೀರುತ್ತದೆ. ಚಿಕೋರಿಯಂತೂ ಚೀಲ ಬಿಚ್ಚಿದ ಸ್ವಲ್ಪ ಹೊತ್ತಿನಲ್ಲೇ ಅಂಟಾಗಿ ಗಟ್ಟಿ ಕಟ್ಟುತ್ತದೆ.

ಎರಡನೆಯದು ದಾರಿ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಕಡಿದುಹೋದುದನ್ನೂ, 2019ರ ಆಗಸ್ಟಿನಲ್ಲಿ ಮೂಡಿಗೆರೆ ಕಡೆಯ ಅನಾಹುತದ ಜೊತೆಗೆ ಚಾರ್ಮಾಡಿ ಘಾಟಿ ಮುಚ್ಚಿದುದನ್ನೂ ಯಾರೂ ಮರೆತಿಲ್ಲ. ಅಂಥ ವರ್ಷಗಳನ್ನು ಬಿಟ್ಟರೂ ಪುನರ್ವಸು, ಪುಷ್ಯ ಮಳೆಗಳಲ್ಲಿ ಮರ ಬಿದ್ದು ಒಂದೆರಡು ದಿನ ದಾರಿ ನಿಲ್ಲುವುದು ನಮಗೆ ಮಾಮೂಲು. ಅದರೊಡನೆ ಕರೆಂಟೂ ಹೋಗುತ್ತದೆ. ಡ್ರಮ್ಮಿನಲ್ಲಿ ಅರ್ಧ ಹುರಿದ ಕಾಫಿ ಇರುವಾಗ ಕರೆಂಟು ಹೋದರೆ ಆ ಡ್ರಮ್ಮಿನ ಮಾಲು ಹೋದಂತೆಯೇ. ಇನ್ನು ತೋಟದ ಬಾಗಿಲಲ್ಲೇ ಕೊಳ್ಳುತ್ತಿದ್ದ ಪ್ರವಾಸಿಗರ ಸಂಖ್ಯೆಯೂ ಈ ದಿನಗಳಲ್ಲಿ ಇಳಿಯುತ್ತದೆ.

ಲೆಕ್ಕ ಮಾಡುವ ಕ್ರಮ

ನಿಲ್ಲಿಸಬೇಕೇ, ನಡೆಸಬೇಕೇ ಎಂಬುದನ್ನು ಮಳೆ ನೋಡಿ ತೀರ್ಮಾನಿಸಬಾರದು, ಪುಸ್ತಕ ನೋಡಿ ತೀರ್ಮಾನಿಸಬೇಕು. ಇದಕ್ಕೆ ಖರ್ಚನ್ನು ಎರಡು ಪಾಲು ಮಾಡಿಕೊಳ್ಳಿ: ಬಾಗಿಲು ಹಾಕಿದರೂ ತಪ್ಪದ ಖರ್ಚು, ಬಾಗಿಲು ಹಾಕಿದರೆ ಉಳಿಯುವ ಖರ್ಚು.

ಉದಾಹರಣೆಗಾಗಿ ಒಂದು ಘಟಕವನ್ನು ಕಲ್ಪಿಸಿಕೊಳ್ಳೋಣ. ಅಂಕಿಗಳು ಲೆಕ್ಕ ತೋರಿಸಲಿಕ್ಕೆ ಮಾತ್ರ. ನಿಮ್ಮ ನಿಮ್ಮ ಅಂಕಿಗಳನ್ನು ನೀವು ಹಾಕಿಕೊಳ್ಳಬೇಕು. ಒಂದು ಕಿಲೋ ಪುಡಿ ಮಾರಿದರೆ ಬೀಜ, ಚಿಕೋರಿ, ಪೊಟ್ಟಣ, ಗ್ಯಾಸು ಇವುಗಳ ಖರ್ಚು ಕಳೆದು 90 ರೂಪಾಯಿ ಉಳಿಯುತ್ತದೆ ಎನ್ನೋಣ. ತಿಂಗಳಿಗೆ ಸಾಲದ ಕಂತು 9,000, ವಿದ್ಯುತ್ತಿನ ನಿಗದಿತ ಶುಲ್ಕ 1,000, ವಿಮೆಯ ಪಾಲು 500, ಒಟ್ಟು 10,500 ರೂಪಾಯಿ ತಪ್ಪದ ಖರ್ಚು. ಹುರಿಯುವವನ ಸಂಬಳ 14,000, ಜೀಪಿನ ಬಾಡಿಗೆ 3,000, ಜನರೇಟರಿಗೆ ಡೀಸೆಲ್ 2,500, ಕೋಣೆ ಒಣಗಿಸಲು ಸೌದೆ ಇತ್ಯಾದಿ 1,500, ಒಟ್ಟು 21,000 ರೂಪಾಯಿ ನಿಲ್ಲಿಸಿದರೆ ಉಳಿಯುವ ಖರ್ಚು. ಈಗ 21,000ವನ್ನು 90ರಿಂದ ಭಾಗಿಸಿ. ತಿಂಗಳಿಗೆ ಸುಮಾರು 234 ಕಿಲೋ ಪುಡಿ ಹೋದರೆ ಮಾತ್ರ ಬಾಗಿಲು ತೆರೆದಿಟ್ಟದ್ದು ಸಾರ್ಥಕ. ಜುಲೈಯಲ್ಲಿ ಹೋಗುವುದು 80 ಕಿಲೋ ಎಂದಾದರೆ ಅದರಿಂದ ಉಳಿಯುವುದು 7,200. ಬಾಗಿಲು ತೆರೆದಿಡಲು ಕೊಟ್ಟದ್ದು 21,000. ಅಂದರೆ ಮುಚ್ಚಿದ್ದರೆ ಆಗುತ್ತಿದ್ದ ನಷ್ಟಕ್ಕಿಂತ 13,800 ರೂಪಾಯಿ ಹೆಚ್ಚಿನ ನಷ್ಟವನ್ನು ದುಡಿದು ಸಂಪಾದಿಸಿದಂತಾಯಿತು.

ಇಲ್ಲಿ ಒಂದು ಮಾತು. ಸದಸ್ಯರು ತರುವ ಲೆಕ್ಕಗಳಲ್ಲಿ ಕಾಫಿ ಬೀಜಕ್ಕೆ ಬೆಲೆಯೇ ಹಾಕಿರುವುದಿಲ್ಲ. ಕೇಳಿದರೆ, “ನಮ್ಮ ತೋಟದ್ದೇ ಅಲ್ಲವೇ ಸ್ವಾಮಿ” ಎನ್ನುತ್ತಾರೆ. ತೋಟದ ಬೀಜವನ್ನು ಆ ದಿನದ ಪೇಟೆ ಬೆಲೆಗೆ ಘಟಕವು ತೋಟದಿಂದ ಕೊಂಡಿತು ಎಂದೇ ಬರೆಯಬೇಕು. ಇಲ್ಲವಾದರೆ ತೋಟದ ಲಾಭವನ್ನು ಘಟಕ ತಿನ್ನುತ್ತಾ ಹೋಗುತ್ತದೆ, ನಮಗೆ ಮಾತ್ರ ಘಟಕ ಚೆನ್ನಾಗಿ ನಡೆಯುತ್ತಿದೆ ಎನಿಸುತ್ತದೆ. ಹಾಗೆಯೇ ಹುರಿಯುವಾಗ ತೂಕ ಶೇಕಡ 15ರಿಂದ 20ರವರೆಗೆ ಇಳಿಯುವುದನ್ನೂ ಮರೆಯಬಾರದು. ನೂರು ಕಿಲೋ ಬೀಜದಿಂದ ನೂರು ಕಿಲೋ ಪುಡಿ ಬರುವುದಿಲ್ಲ.

ಪೂರ್ತಿ ಮುಚ್ಚುವುದೊಂದೇ ದಾರಿಯಲ್ಲ. ಕರೆಂಟು, ದಾರಿ ಎರಡೂ ಸ್ವಲ್ಪ ನೆಟ್ಟಗಿರುವ ಕಡೆ ಹದಿನೈದು ದಿನಕ್ಕೊಮ್ಮೆ, ಮೊದಲೇ ಬೇಡಿಕೆ ಪಡೆದು, ಅಷ್ಟನ್ನೇ ಹುರಿದು ಒಂದೇ ಸಲ ಕಳಿಸಬಹುದು. ಆಗ ಜೀಪು, ಜನರೇಟರು, ಸೌದೆಯ ಖರ್ಚು ಬಹುಪಾಲು ಇಳಿಯುತ್ತದೆ. ಆದರೆ ಸಂಬಳದ ಖರ್ಚು ಹಾಗೆಯೇ ನಿಲ್ಲುತ್ತದೆ, ಮತ್ತು ನಿಜವಾದ ಪ್ರಶ್ನೆ ಇರುವುದೂ ಅಲ್ಲಿಯೇ.

ಹುರಿಯುವ ಕೈ

ಮೇಲಿನ ಲೆಕ್ಕದಲ್ಲಿ 14,000 ರೂಪಾಯಿ ‘ಉಳಿಯಿತು’ ಎಂದು ಬರೆಯುವುದು ಸುಲಭ. ಆ ಹಣವನ್ನು ನಂಬಿ ಒಂದು ಸಂಸಾರ ಇದೆ. ಮೂರು ತಿಂಗಳು ಬರಬೇಡ ಎಂದರೆ ಆತ ಬೆಂಗಳೂರಿನ ಬಸ್ಸು ಹತ್ತುತ್ತಾನೆ. ಹತ್ತಿದವನು ಹಿಂದಕ್ಕೆ ಬರುವುದು ಕಡಿಮೆ. ಬಣ್ಣ ನೋಡಿ, ಬೀಜ ಸಿಡಿಯುವ ಸದ್ದು ಕೇಳಿ, ಯಾವ ಕ್ಷಣದಲ್ಲಿ ಡ್ರಮ್ಮು ಬಗ್ಗಿಸಬೇಕೆಂದು ತಿಳಿದ ಕೈ ಒಂದು ವರ್ಷದಲ್ಲಿ ತಯಾರಾಗುವುದಿಲ್ಲ. ಯಂತ್ರ ಹಳೆಯದಾದರೆ ಸಾಲ ಮಾಡಿ ಹೊಸದು ತರಬಹುದು.

ಆದ್ದರಿಂದ ಮೇ ತಿಂಗಳಲ್ಲೇ ಆತನನ್ನು ಕೂರಿಸಿಕೊಂಡು ಮಾತಾಡಬೇಕು. ತೋಟದಲ್ಲಿ ಆ ದಿನಗಳಲ್ಲಿ ಕೆಲಸವಿಲ್ಲ ಎನ್ನುವಂತಿಲ್ಲ: ಅಡಿಕೆಗೆ ಮೊದಲ ಬೋರ್ಡೋ ಸಿಂಪಡಣೆಯಾದ 40–45 ದಿನಕ್ಕೆ ಎರಡನೆಯದು ಬರುತ್ತದೆ, ಕಾಫಿಯಲ್ಲಿ ಚಿಗುರು ತೆಗೆಯುವುದು, ಸತ್ತ ಗಿಡದ ಜಾಗಕ್ಕೆ ಸಸಿ ನೆಡುವುದು, ಚರಂಡಿ ಬಿಡಿಸುವುದು ಇವೆ. ಆತ ಒಪ್ಪಿದರೆ ತೋಟದ ಕೆಲಸ ಕೊಟ್ಟು ಕೂಲಿಯನ್ನು ತೋಟದ ಲೆಕ್ಕಕ್ಕೆ ಬರೆಯಿರಿ. ಒಪ್ಪದಿದ್ದರೆ ತಪ್ಪಿಲ್ಲ, ಆತ ಬಂದದ್ದು ಹುರಿಯುವ ಕೆಲಸಕ್ಕೆ. ಆಗ ಬಿಡುವಿನ ತಿಂಗಳುಗಳಿಗೆ ಅರ್ಧ ಸಂಬಳ ಕೊಟ್ಟು ಉಳಿಸಿಕೊಳ್ಳುವುದು ನನ್ನ ಅಭಿಪ್ರಾಯದಲ್ಲಿ ಒಳ್ಳೆಯ ವ್ಯವಹಾರ. ಹಾಗೆ ಮಾಡಿದಾಗ ಉಳಿಯುವ ಖರ್ಚು 21,000ದಿಂದ 14,000ಕ್ಕೆ ಇಳಿಯುತ್ತದೆ; ತೆರೆದಿಡಲು ಬೇಕಾದ ಮಾರಾಟವೂ 234 ಕಿಲೋದಿಂದ 156 ಕಿಲೋಗೆ ಇಳಿಯುತ್ತದೆ. ನಮ್ಮ ಉದಾಹರಣೆಯ 80 ಕಿಲೋದವರು ಆಗಲೂ ಮುಚ್ಚುವುದೇ ಸರಿ. 160 ಕಿಲೋ ಹೋಗುವವರು ಮಾತ್ರ ಇನ್ನೊಮ್ಮೆ ಯೋಚಿಸಬೇಕು. ಮಾತುಕತೆಯಾದುದನ್ನು, ಕೊಡುವ ಮೊತ್ತ ಹಾಗೂ ಮತ್ತೆ ಕೆಲಸ ಆರಂಭವಾಗುವ ದಿನದ ಸಮೇತ, ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿ.

ಹಣ ಎತ್ತಿಡುವುದು

ಕಾಫಿ ಮಂಡಳಿಯ ಪೂಲ್ ಇದ್ದ ಕಾಲದಲ್ಲಿ ಬೆಳೆಗಾರನಿಗೆ ಹಣ ಕಂತು ಕಂತಾಗಿ ಬರುತ್ತಿತ್ತು. ಸಾಲದು ಎಂದು ನಮ್ಮ ತಂದೆಯವರ ತಲೆಮಾರು ಗೊಣಗುತ್ತಿದ್ದರೂ ಮಳೆಗಾಲದಲ್ಲೂ ಏನಾದರೊಂದು ಕಂತು ಕೈಸೇರುವ ಆಸೆ ಇರುತ್ತಿತ್ತು. 1996ರಲ್ಲಿ ಎಲ್ಲರಿಗೂ ಪೂರ್ಣ ಮುಕ್ತ ಮಾರಾಟದ ಹಕ್ಕು ಬಂದ ಮೇಲೆ ಹಣ ಒಮ್ಮೆಲೇ ಬರುತ್ತದೆ, ಒಮ್ಮೆಲೇ ಹೋಗುತ್ತದೆ. ಮಳೆಗಾಲಕ್ಕೆಂದು ಎತ್ತಿಡುವ ಕೆಲಸ ಈಗ ನಮ್ಮದೇ.

ನಮ್ಮ ಉದಾಹರಣೆಯ ಘಟಕಕ್ಕೆ ಮೂರು ತಿಂಗಳ ತಪ್ಪದ ಖರ್ಚು 31,500 ರೂಪಾಯಿ. ಅರ್ಧ ಸಂಬಳದ 21,000 ಸೇರಿದರೆ 52,500. ಇದನ್ನು ಡಿಸೆಂಬರಿನಿಂದ ಮೇವರೆಗಿನ ಆರು ತಿಂಗಳಲ್ಲಿ ಎತ್ತಿಡುವುದಾದರೆ ತಿಂಗಳಿಗೆ 8,750. ಇದರ ಜೊತೆಗೆ ಮತ್ತೆ ತೆರೆಯುವಾಗ ಬೇಕಾಗುವ ಮೊದಲ ಹದಿನೈದು ದಿನದ ಬೀಜ, ಚಿಕೋರಿ, ಪೊಟ್ಟಣಗಳ ಹಣವನ್ನು ಬೇರೆ ತೆಗೆದಿಡಿ. ಬಿಡುವು ಮುರಿದುಬೀಳುವುದು ಸಾಮಾನ್ಯವಾಗಿ ಈ ಎರಡನೆಯ ಹಣ ಇಲ್ಲದ್ದರಿಂದಲೇ. ಈ ಮೊತ್ತವನ್ನು ಸಂಘದಲ್ಲಿ ಪ್ರತ್ಯೇಕ ಉಳಿತಾಯ ಖಾತೆಯಲ್ಲಿ ಇಡುವುದು ವಾಸಿ. ಮನೆಯ ಪೆಟ್ಟಿಗೆಯಲ್ಲಿಟ್ಟರೆ ಜೂನ್ ತಿಂಗಳ ಶಾಲೆ ಶುಲ್ಕ ಅದನ್ನು ಮೊದಲು ಪತ್ತೆ ಹಚ್ಚುತ್ತದೆ.

ಸಾಲದ ಕಂತು ಮಳೆಗಾಲದಲ್ಲಿ ಬೇಡ, ಕೊಯ್ಲಿನ ನಂತರ ಇರಲಿ ಎನ್ನುವವರು ಆ ಮಾತನ್ನು ಸಾಲ ಪಡೆಯುವಾಗಲೇ ಬ್ಯಾಂಕಿನವರೊಡನೆ ಆಡಬೇಕು. ಕಂತು ತಪ್ಪಿದ ಮೇಲೆ ಆಡಿದರೆ ಅದು ಸುಸ್ತಿದಾರನ ಮಾತಾಗುತ್ತದೆ. ಜಿಎಸ್‌ಟಿ ನೋಂದಣಿ ಇರುವವರು ಮಾರಾಟವೇ ಇಲ್ಲದಿದ್ದರೂ ಶೂನ್ಯ ರಿಟರ್ನ್ ಸಲ್ಲಿಸಲೇಬೇಕು. ಬಿಟ್ಟರೆ ದಂಡ ದಿನಲೆಕ್ಕದಲ್ಲಿ ಏರುತ್ತದೆ. ಆಹಾರ ಸುರಕ್ಷತೆಯ ನೋಂದಣಿ ಬಿಡುವಿನ ನಡುವೆ ಮುಗಿಯುತ್ತದೆಯೇ ಎಂದು ಮೇ ತಿಂಗಳಲ್ಲೇ ನೋಡಿಕೊಳ್ಳಿ. ವಿಮೆಯ ಪಾಲಿಸಿಯಲ್ಲಿ ಕಟ್ಟಡ ಬಹುದಿನ ಮುಚ್ಚಿರುವುದನ್ನು ಕುರಿತು ಷರತ್ತಿದ್ದರೆ ಕಂಪನಿಗೆ ಪತ್ರ ಬರೆದು, ಅದರ ನಕಲು ಇಟ್ಟುಕೊಳ್ಳಿ.

ಗಿರಾಕಿಗಳಿಗೆ ತಿಳಿಸುವುದು

ಮುಚ್ಚುವ ಒಂದು ತಿಂಗಳ ಮೊದಲೇ ಎಲ್ಲ ಖಾಯಂ ಗಿರಾಕಿಗಳಿಗೂ ಮುಚ್ಚುವ ದಿನ, ತೆರೆಯುವ ದಿನ ಎರಡನ್ನೂ ತಿಳಿಸಬೇಕು. ಮೊಬೈಲಿನಲ್ಲಿ ಒಂದು ಸಂದೇಶ ಸಾಕು, ಆದರೆ ತೆರೆಯುವ ದಿನ ಖಚಿತವಾಗಿರಲಿ. “ಮಳೆ ಬಿಟ್ಟ ಮೇಲೆ” ಎಂದು ಬರೆದರೆ ಬೆಂಗಳೂರಿನವರಿಗೆ ಅದು ಯಾವಾಗ ಎಂದು ಹೇಗೆ ತಿಳಿಯಬೇಕು? ಮೃಗಶಿರಾ ಮಳೆ ಕೂಡುವ ಜೂನ್ ಎರಡನೆಯ ವಾರದಿಂದ ಪುಬ್ಬೆ ಮಳೆ ಮುಗಿಯುವ ಸೆಪ್ಟೆಂಬರ್ ಎರಡನೆಯ ವಾರದವರೆಗೆ ಎಂದಿಟ್ಟುಕೊಂಡರೆ ನವರಾತ್ರಿ, ದೀಪಾವಳಿಯ ಬೇಡಿಕೆಗೆ ಸಿದ್ಧರಾಗಬಹುದು. ಗೌರಿ–ಗಣೇಶ ಹಬ್ಬ ಆ ವರ್ಷ ಆಗಸ್ಟಿನಲ್ಲಿ ಬಂದಿದೆಯೇ, ಸೆಪ್ಟೆಂಬರಿನಲ್ಲಿ ಬಂದಿದೆಯೇ ಎಂದು ಪಂಚಾಂಗ ನೋಡಿ ಹೆಚ್ಚುಕಡಿಮೆ ಮಾಡಿಕೊಳ್ಳಿ.

ಮನೆಗೆ ಕೊಳ್ಳುವವರು ಮೂರು ತಿಂಗಳು ಕಾಯಬಹುದು. ಹೋಟೆಲಿನವರು ಮೂರು ದಿನವೂ ಕಾಯಲಾರರು. ಮೇ ತಿಂಗಳಲ್ಲೇ ಮೂರು ತಿಂಗಳ ಪುಡಿ ಮಾಡಿ ಹೋಟೆಲಿಗೆ ತುಂಬಿಕೊಡುವ ಉಪಾಯವನ್ನು ಕೆಲವರು ಹೇಳುತ್ತಾರೆ. ಅದನ್ನು ಮಾಡಬೇಡಿ. ಪುಡಿಯ ಪರಿಮಳ ಕೆಲವೇ ವಾರಗಳ ಮಾತು, ಆಗಸ್ಟಿನಲ್ಲಿ ಅವರು ಕುಡಿಸುವ ರುಚಿಯಿಲ್ಲದ ಕಾಫಿಗೆ ನಿಮ್ಮ ಹೆಸರೇ ಅಂಟಿರುತ್ತದೆ. ಅದರ ಬದಲು ಬಯಲುಸೀಮೆಯ ಕಡೆ ಘಟಕವಿರುವ ಒಬ್ಬ ಸದಸ್ಯರನ್ನು ಹೋಟೆಲಿನವರಿಗೆ ನೀವೇ ಪರಿಚಯಿಸಿ, ಇಂತಿಷ್ಟು ತಿಂಗಳು ಇವರು ಕೊಡುತ್ತಾರೆಂದು ಮೂವರೂ ಮಾತಾಡಿಕೊಳ್ಳುವುದು ಉತ್ತಮ. ಚಿಕೋರಿಯ ಪ್ರಮಾಣ ಮೂವರಿಗೂ ತಿಳಿದಿರಲಿ. ಅವರ ಪುಡಿ ಅವರ ಚೀಟಿಯಲ್ಲೇ ಹೋಗಲಿ; ಅವರ ಮಾಲಿಗೆ ನಿಮ್ಮ ಚೀಟಿ ಅಂಟಿಸಬಾರದು.

ಬಾಗಿಲು ಹಾಕುವ ಮುನ್ನ

ಹುರಿದ ಮಾಲು, ಪುಡಿ, ಬಿಚ್ಚಿದ ಚಿಕೋರಿ ಯಾವುದೂ ಒಳಗೆ ಉಳಿಯಬಾರದು. ಹಸಿ ಬೀಜ ಉಳಿದಿದ್ದರೆ ಮಾರಿಬಿಡುವುದು ಮೇಲು. ಇಡಲೇಬೇಕಾದರೆ ಒಳಗೆ ಗಾಳಿಯಾಡದ ಪ್ಲಾಸ್ಟಿಕ್ ಪದರವಿರುವ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆಯ ಮೇಲಿಡಿ. ಹಾಗೆ ಕಟ್ಟುವ ಮುನ್ನ ತೇವಾಂಶ ನೋಡಿಸಿ. ಹಸಿ ಇರುವ ಬೀಜವನ್ನು ಗಾಳಿಯಾಡದಂತೆ ಕಟ್ಟಿದರೆ ಬೂಷ್ಟಿಗೆ ನಾವೇ ಮನೆ ಕಟ್ಟಿಕೊಟ್ಟಂತೆ.

ಡ್ರಮ್ಮು, ಹೊಗೆಕೊಳವೆಗಳಲ್ಲಿ ಕೂತಿರುವ ಹೊಟ್ಟನ್ನು ಪೂರ್ತಿ ತೆಗೆಯಿರಿ. ಅದು ಒಣಗಿದಾಗ ಬೆಂಕಿಗೂ ಒದ್ದೆಯಾದಾಗ ದುರ್ನಾತಕ್ಕೂ ಕಾರಣ. ಪುಡಿ ಯಂತ್ರದ ಹಲ್ಲುಗಳನ್ನು ಬಿಚ್ಚಿ ಒಣ ಕುಂಚದಿಂದ ಗುಡಿಸಿ, ನೀರು ತಾಗಿಸಬೇಡಿ. ಕಬ್ಬಿಣದ ಭಾಗಗಳಿಗೆ ಅಡುಗೆ ಎಣ್ಣೆಯನ್ನು ತೆಳುವಾಗಿ ಒರೆಸಬಹುದು. ಕಾಫಿ ತಾಗುವ ಕಡೆ ಯಂತ್ರದ ಎಣ್ಣೆ ಕೂಡದು. ಬೆಲ್ಟು ಸಡಿಲಿಸಿ, ಗ್ಯಾಸ್ ಸಿಲಿಂಡರನ್ನು ಹೊರತೆಗೆದು, ವಿದ್ಯುತ್ತಿನ ಮುಖ್ಯ ಸ್ವಿಚ್ಚು ಆರಿಸಿ. ಮೋಟಾರಿಗೆ ಚೀಲ ಸುತ್ತುವ ಅಭ್ಯಾಸ ಒಳ್ಳೆಯದಲ್ಲ, ಚೀಲವೇ ತೇವ ಹಿಡಿದು ನಿಲ್ಲುತ್ತದೆ. ಹದಿನೈದು ದಿನಕ್ಕೊಮ್ಮೆ ಬಾಗಿಲು ತೆಗೆದು ಸೋರಿಕೆ, ಇಲಿ, ಗೆದ್ದಲು ನೋಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಮಳೆಗಾಲದಲ್ಲಿ ಖಾಲಿ ಶೆಡ್ಡು ಕಂಡರೆ ಮೈಲುತುತ್ತ, ಸುಣ್ಣ, ಗೊಬ್ಬರದ ಚೀಲ, ಸಿಂಪಡಿಸುವ ಪಂಪು ಎಲ್ಲ ತಾವಾಗಿಯೇ ಒಳಗೆ ನಡೆದು ಬರುತ್ತವೆ. ಬೀಗದ ಕೈಯನ್ನು ನೀವೇ ಇಟ್ಟುಕೊಳ್ಳಿ. ಆಹಾರ ತಯಾರಿಸುವ ಕೋಣೆಯಲ್ಲಿ ಇವಕ್ಕೆ ಎಡೆಯಿಲ್ಲ; ಮೈಲುತುತ್ತ ಕಬ್ಬಿಣವನ್ನೂ ತಿನ್ನುತ್ತದೆ. ಕಾಫಿಯಷ್ಟು ಬೇಗ ಪರವಾಸನೆ ಹಿಡಿಯುವ ಪದಾರ್ಥ ನಮ್ಮಲ್ಲಿ ಇನ್ನೊಂದಿಲ್ಲ.

ಮತ್ತೆ ತೆರೆಯುವಾಗ

ತೆರೆಯುವ ದಿನಕ್ಕೆ ಹತ್ತು ದಿನ ಮೊದಲೇ ಶೆಡ್ಡನ್ನು ಬಿಸಿಲಿರುವ ಹೊತ್ತಿನಲ್ಲಿ ತೆರೆದಿಟ್ಟು ಒಣಗಿಸಿ. ಮೋಟಾರನ್ನು ಚಾಲೂ ಮಾಡುವ ಮುನ್ನ ವಿದ್ಯುತ್ ಕೆಲಸದವರಿಂದ ವೈಂಡಿಂಗಿನ ತೇವ ಪರೀಕ್ಷಿಸಿ. ಬರಿಯ ಡ್ರಮ್ಮನ್ನು ಕಾಯಿಸಿ ಎಣ್ಣೆ ಒರೆಸಿ ತೆಗೆಯಿರಿ. ಮೊದಲ ಡ್ರಮ್ಮಿಗೆ ಕೆಳದರ್ಜೆಯ ಒಂದಿಷ್ಟು ಬೀಜ ಹಾಕಿ ಹುರಿದು, ಅದೇ ಬೀಜವನ್ನು ಪುಡಿ ಯಂತ್ರದಲ್ಲೂ ಓಡಿಸಿ, ಬಂದದ್ದನ್ನು ಗೊಬ್ಬರಗುಂಡಿಗೆ ಹಾಕಿ. ಎರಡನೆಯ ಡ್ರಮ್ಮಿನ ಪುಡಿಯಿಂದ ಮನೆಯಲ್ಲಿ ಡಿಕಾಕ್ಷನ್ ಇಳಿಸಿ ಕುಡಿದು ನೋಡಿ, ಮುಗ್ಗಲು ವಾಸನೆ ಇಲ್ಲವೆಂದು ಖಾತ್ರಿಯಾದ ಮೇಲೆ ಗಿರಾಕಿಗಳ ಪೊಟ್ಟಣ ಕಟ್ಟಿ.

ತೇವಾಂಶ ಮಾಪಕ ಸಂಘದ ಕಛೇರಿಯಲ್ಲಿದೆ. ಕಾಲು ಕಿಲೋ ಮಾದರಿಯನ್ನು ಬಿಗಿಯಾದ ಡಬ್ಬಿಯಲ್ಲಿ ತನ್ನಿ. ಕಾಗದದ ಪೊಟ್ಟಣದಲ್ಲಿ ತಂದರೆ ದಾರಿಯ ಮಳೆಯನ್ನೂ ಸೇರಿಸಿ ಅಳೆಯಬೇಕಾಗುತ್ತದೆ.